ಕವುಚಿದ ಬುಟ್ಟಿಯ ಕೆಳಗೆ ಕಾರ್ನಿಯಾ

"ಅಯ್ಯೋ, ಇಷ್ಟು ದೊಡ್ಡದಾ? ಚುಚ್ಚಲ್ವಾ?" ಸ್ಕ್ಲೀರಲ್ ಲೆನ್ಸ್ ಎಂಬ ದೊಡ್ಡ ಕಾಂಟ್ಯಾಕ್ಟ್ ಲೆನ್ಸ್ ತೋರಿಸಿದ ಕೂಡಲೇ ಬರುವ ಪ್ರಶ್ನೆ ಇದು. ದೊಡ್ಡದಾದಷ್ಟೂ ನೋವು ಜಾಸ್ತಿ ಎಂಬ ಈ ಭಯದಿಂದಲೇ ಎಷ್ಟೋ ಜನ ಲೆನ್ಸ್ ಬೇಡವೆಂದು ಎದ್ದು ಹೋಗುತ್ತಾರೆ. ನಿಜ ತಿರುವುಮುರುವು. ನರಗಳು ಒತ್ತೊತ್ತಾಗಿ ಇರುವುದು ಕಾರ್ನಿಯಾದಲ್ಲಿ, ಅಂದರೆ ಕಣ್ಣಿನ ಮುಂದಿನ ಪಾರದರ್ಶಕ ಪದರದಲ್ಲಿ. ಈ ಲೆನ್ಸ್ ಅದನ್ನು ಮುಟ್ಟುವುದೇ ಇಲ್ಲ.

ಕೋಳಿಮರಿಗಳ ಮೇಲೆ ಬುಟ್ಟಿ ಕವುಚುವುದನ್ನು ನೋಡಿದ್ದೀರಲ್ಲ? ಅಂಚು ನೆಲದ ಮೇಲೆ ಕೂರುತ್ತದೆ, ಮರಿಗಳು ಒಳಗೆ ಆರಾಮವಾಗಿರುತ್ತವೆ. ಹಾಗೆಯೇ ಸುಮಾರು 16 ಮಿಲಿಮೀಟರ್ ಅಗಲದ ಈ ಲೆನ್ಸ್ ಕಣ್ಣಿನ ಬಿಳಿ ಭಾಗದ ಮೇಲೆ ಕೂರುತ್ತದೆ. ನಡುವಿನ ಜಾಗದಲ್ಲಿ ಸಲೈನ್, ಅಂದರೆ ಶುದ್ಧ ಉಪ್ಪುನೀರು, ತುಂಬಿರುತ್ತದೆ.

ನನ್ನನ್ನು ಮರುಳು ಮಾಡಿದ್ದು ಈ ಸಲೈನ್. ಕೆರಟೋಕೋನಸ್ ಎಂಬ ಕಾಯಿಲೆ ಇದ್ದವರ ಕಾರ್ನಿಯಾ ತೆಳುವಾಗಿ, ಮುಂದಕ್ಕೆ ಉಬ್ಬಿ, ಅಂಕುಡೊಂಕಾಗಿರುತ್ತದೆ. ಬೆಳಕು ಕಂಡಕಂಡಲ್ಲಿ ಚೆದರುತ್ತದೆ. ಹೊಂಡ ಬಿದ್ದ ರಸ್ತೆಯಲ್ಲಿ ಮಳೆನೀರು ನಿಂತರೆ ಮೇಲ್ಮೈ ಸಮವಾಗುತ್ತೆ ಅಲ್ವಾ? ಅದೇ ಕೆಲಸ ಇಲ್ಲಿಯೂ. ಇನ್ನೂ ಹತ್ತಿರದ ಹೋಲಿಕೆ ಬೇಕೆಂದರೆ, ಬಚ್ಚಲುಮನೆಯ ಮಸುಕು ಗಾಜಿನ ಒರಟು ಬದಿಗೆ ನೀರು ಸವರಿ ನೋಡಿ. ಆಚೆಯದು ಕಾಣತೊಡಗುತ್ತದೆ. ಗಾಜಿನ ಒರಟು ಎಲ್ಲಿಗೂ ಹೋಗಿಲ್ಲ, ಬೆಳಕಿಗೆ ಮಾತ್ರ ಅದು ಕಾಣುತ್ತಿಲ್ಲ. ಬೆಳಕನ್ನು ಎಷ್ಟು ಬಾಗಿಸುತ್ತದೆ ಎಂದು ಹೇಳುವ ವಕ್ರೀಭವನ ಸೂಚ್ಯಂಕ ಕಾರ್ನಿಯಾದ್ದು 1.376, ಸಲೈನಿನದು ಸುಮಾರು 1.336. ಎರಡೂ ಅಷ್ಟು ಹತ್ತಿರವಾದ್ದರಿಂದ ಉಬ್ಬುತಗ್ಗಿನ ಬಹುಪಾಲು ಅಳಿಸಿಹೋಗುತ್ತದೆ. ಕಾಯಿಲೆ ವಾಸಿಯಾಗುವುದಿಲ್ಲ, ನೋಟ ಸರಿಹೋಗುತ್ತದೆ. ಕಣ್ಣಿಗೆ ಜೇನುತುಪ್ಪ ಬಿಟ್ಟರೆ ಎರಡೂ ಆಗುವುದಿಲ್ಲ. ದಯವಿಟ್ಟು ಬಿಡಬೇಡಿ.

ಈ ಉಪಾಯ ಹೊಸದಲ್ಲ. 1888ರಲ್ಲೇ ಜರ್ಮನಿಯ ಕಣ್ಣಿನ ವೈದ್ಯ ಅಡಾಲ್ಫ್ ಫಿಕ್ ಗಾಜಿನ ಚಿಪ್ಪು ಮಾಡಿಸಿ ಮೊದಲು ಮೊಲಗಳಿಗೆ, ಆಮೇಲೆ ತನ್ನ ಕಣ್ಣಿಗೇ ಹಾಕಿ ನೋಡಿದ. ಕೆಲವೇ ತಾಸು, ಅಷ್ಟೆ. ಕಾರ್ನಿಯಾದಲ್ಲಿ ರಕ್ತನಾಳಗಳಿಲ್ಲ. ಆಮ್ಲಜನಕವನ್ನು ಅದು ಹೆಚ್ಚಾಗಿ ಗಾಳಿಯಿಂದಲೇ ಪಡೆಯಬೇಕು, ಗಾಜು ಅದನ್ನು ಒಳಗೆ ಬಿಡುವುದಿಲ್ಲ. ಆಮ್ಲಜನಕ ಹಾಯಲು ಬಿಡುವ ಪ್ಲಾಸ್ಟಿಕ್ಕಿನ ಸ್ಕ್ಲೀರಲ್ ಲೆನ್ಸ್ ಬರಲು 1980ರ ದಶಕದವರೆಗೆ ಕಾಯಬೇಕಾಯಿತು.

ರೋಗಿಗಳಿಗೆ ಈ ಲೆನ್ಸ್ ಹಾಕುವುದನ್ನು ಕಲಿಯುವಾಗ ನಾನು ಕಾರ್ನಿಯಾದ ಬಾಗು ಅಳೆದು, ಅದಕ್ಕೆ ಸರಿಹೊಂದುವ ಲೆನ್ಸ್ ಹುಡುಕುತ್ತಿದ್ದೆ. ತಪ್ಪು. ಇಲ್ಲಿ ನೋಡಬೇಕಾದ್ದು ಬುಟ್ಟಿಯ ಆಳ. ಕಾರ್ನಿಯಾಕ್ಕೂ ಲೆನ್ಸಿಗೂ ನಡುವೆ ಹಾಕಿದ ಹೊಸದರಲ್ಲಿ 200ರಿಂದ 300 ಮೈಕ್ರಾನ್ ಇರಬೇಕು, ಅಂದರೆ ಜೆರಾಕ್ಸ್ ಹಾಳೆ ಎರಡೋ ಮೂರೋ ಪೇರಿಸಿದಷ್ಟು. ಬಿಳಿ ಭಾಗದ ಮೇಲಿನ ಪೊರೆ ಮೆತ್ತಗಿರುವುದರಿಂದ ಲೆನ್ಸ್ ಕೆಲವು ತಾಸಿನಲ್ಲಿ ಸುಮಾರು 100 ಮೈಕ್ರಾನ್ ಕುಸಿಯುತ್ತದೆ. ಅದಕ್ಕೇ ಹಾಕಿದ ಕೂಡಲೇ ತೀರ್ಮಾನ ಮಾಡುವ ಹಾಗಿಲ್ಲ.

ಕಾಲೇಜು ಹುಡುಗನೊಬ್ಬ ಬಂದಿದ್ದ. ಎರಡೂ ಕಣ್ಣಿಗೆ ಕೆರಟೋಕೋನಸ್. ಲೆನ್ಸಿಗೆ ಅಂಚಿನವರೆಗೂ ಸಲೈನ್ ತುಂಬಿ, ಹಸಿರಾಗಿ ಹೊಳೆಯುವ ಫ್ಲೋರೆಸಿನ್ ಬಣ್ಣ ತಾಗಿಸಿದೆ. ಅವನು ನೆಲ ನೋಡುವಂತೆ ಮುಖ ಬಗ್ಗಿಸಿದ. ಕೆಳಗಿನಿಂದ ಒತ್ತಿದೆ. ಕಣ್ಣನ್ನು ದೊಡ್ಡದಾಗಿ ತೋರಿಸುವ ಸ್ಲಿಟ್ ಲ್ಯಾಂಪಿನಲ್ಲಿ ನೋಡಿದರೆ ನಡುವೆಯೇ ಗಾಳಿಗುಳ್ಳೆ! ತೆಗೆದು ಮತ್ತೆ ತುಂಬಿದೆ. ಈ ಸಲ ಹಸಿರು ಪದರ ಲೆನ್ಸಿನ ದಪ್ಪದಷ್ಟೇ ಕಂಡಿತು. ಲೆನ್ಸಿನ ದಪ್ಪ ಗೊತ್ತಿರುವುದರಿಂದ ಅದೇ ನಮ್ಮ ಅಳತೆಗೋಲು. ಬಲಗಣ್ಣು ಸರಿಹೋಯಿತು.

ಎಡಗಣ್ಣಿಗೆ ಅದೇ ಲೆನ್ಸ್ ಹಾಕಿದೆ. ಹಸಿರಿನ ನಡುವೆ ಒಂದು ಕಪ್ಪು ಚುಕ್ಕೆ. ಉಬ್ಬಿನ ತುದಿ ಲೆನ್ಸಿಗೆ ತಾಗುತ್ತಿತ್ತು. ಇನ್ನೂ ಆಳದ್ದನ್ನು ಹಾಕಿದಾಗ ಚುಕ್ಕೆ ಹೋಯಿತು, ಆದರೆ ಮೂಗಿನ ಕಡೆಯ ಅಂಚು ಒತ್ತಿ, ಅದರ ಕೆಳಗಿನ ರಕ್ತನಾಳಗಳು ಬಿಳಿಚಿದವು. ಕಣ್ಣಿನ ಬಿಳಿ ಭಾಗವೂ ಎಲ್ಲ ಕಡೆ ಒಂದೇ ಎತ್ತರ ಇರುವುದಿಲ್ಲ, ಅಂಗಳದಲ್ಲಿಟ್ಟ ಮಂಚದ ಒಂದು ಕಾಲು ಎತ್ತುವ ಹಾಗೆ. ಆ ಕಣ್ಣಿಗೆ ಎರಡು ದಿಕ್ಕಿನಲ್ಲಿ ಬೇರೆ ಬೇರೆ ಅಂಚಿರುವ ಟೋರಿಕ್ ಲೆನ್ಸ್ ಬರೆದೆ.