ಚುಕ್ಕಿ ಬೀಳದ ಹೆಸರುಗಳು

ಕೆಲವು ಕಡೆ ಶಾಲೆ ಬಿಟ್ಟ ಮೇಲೆ ಸ್ಟಾಫ್ ರೂಮಿನ ಗೋಡೆಗೆ ಉದ್ದನೆಯ ಹಾಳೆಯೊಂದನ್ನು ಅಂಟಿಸುತ್ತಾರೆ. ಅದರಲ್ಲಿ ಒಂದು ತರಗತಿಯ ಎಲ್ಲ ಮಕ್ಕಳ ಹೆಸರು. ಗಣಿತದ ಮೇಷ್ಟ್ರಿಂದ ಹಿಡಿದು ಲೈಬ್ರರಿ ನೋಡಿಕೊಳ್ಳುವವರ ತನಕ ಎಲ್ಲರ ಕೈಗೂ ಒಂದೊಂದು ಸ್ಕೆಚ್ ಪೆನ್ನು. ಅಂಕ, ಹಾಜರಿ ಬಿಟ್ಟು ಯಾವ ಮಗುವಿನ ಬಗ್ಗೆ ಬೇರೆ ಏನಾದರೂ ಗೊತ್ತಿದೆ? ಕಷ್ಟ ಬಂದರೆ ಯಾವ ಮಗು ನಿಮ್ಮ ಹತ್ತಿರ ಬಂದು ಹೇಳಿಕೊಂಡೀತು? ಆ ಹೆಸರಿನ ಮುಂದೆ ಒಂದು ಚುಕ್ಕಿ ಇಡಬೇಕು. ಒಬ್ಬರ ಜೊತೆ ಒಬ್ಬರು ಮಾತಾಡುವ ಹಾಗಿಲ್ಲ.

ಎಲ್ಲರೂ ಇಟ್ಟಾದ ಮೇಲೆ ನಾಲ್ಕು ಹೆಜ್ಜೆ ಹಿಂದೆ ಸರಿದು ನೋಡಿ. ಎಲ್ಲದಕ್ಕೂ ಕೈ ಎತ್ತುವ ಚೂಟಿ ಹುಡುಗಿಯ ಮುಂದೆ ಚುಕ್ಕಿಗಳ ಸಾಲೇ ಇರುತ್ತದೆ. ದಿನಾ ಜಗಳ ತೆಗೆಯುವ ಹುಡುಗನಿಗೂ ಚುಕ್ಕಿ ಜಾಸ್ತಿಯೇ, ಅವನು ಯಾರಿಗೆ ಗೊತ್ತಿಲ್ಲ ಹೇಳಿ. ಆದರೆ ಮಧ್ಯೆ ಎಲ್ಲೋ ನಾಲ್ಕೈದು ಹೆಸರುಗಳ ಮುಂದೆ ಜಾಗ ಖಾಲಿ. ಈ ಮಕ್ಕಳು ಫೇಲ್ ಆಗಿಲ್ಲ, ಹೊಡೆದಾಡಿಲ್ಲ. ಹೋಮ್‌ವರ್ಕ್ ಮಾಡಿ ತರುತ್ತಾರೆ, ಹಾಜರಿ ಕೂಗಿದರೆ ಓ ಅನ್ನುತ್ತಾರೆ, ಗಂಟೆ ಹೊಡೆದರೆ ಮನೆಗೆ ಹೋಗುತ್ತಾರೆ. ಇಡೀ ಶಾಲೆಯಲ್ಲಿ ಅವರನ್ನು ಬಲ್ಲ ಒಬ್ಬ ದೊಡ್ಡವರಿಲ್ಲ.

ಶಾಲೆಗೊಬ್ಬ ಕೌನ್ಸೆಲರ್ ಬಂದುಬಿಟ್ಟರೆ ಇದೆಲ್ಲ ಸರಿಹೋಗುತ್ತದೆ ಅಂತ ನಾವು ಅಂದುಕೊಳ್ಳುತ್ತೇವೆ. ಕಾರಿಡಾರಿನ ಕೊನೆಯಲ್ಲಿ ಒಂದು ರೂಮು, ಬಾಗಿಲಿಗೊಂದು ಬೋರ್ಡು. ಯಾರು ಆ ರೂಮಿಗೆ ಹೋಗುತ್ತಾರೆ ಅಂತ ಸ್ವಲ್ಪ ದಿನ ಗಮನಿಸಿ. ತರಗತಿಯಲ್ಲಿ ಗಲಾಟೆ ಮಾಡಿ ಕಳಿಸಲ್ಪಟ್ಟವರು, ಪರೀಕ್ಷೆಯಲ್ಲಿ ಕುಸಿದವರು, ಅಪ್ಪ ಅಮ್ಮ ಬಂದು ದೂರು ಕೊಟ್ಟವರು. ಇನ್ನು ಕೆಲವರು ಧೈರ್ಯವಾಗಿ ತಾವೇ ಹೋಗುತ್ತಾರೆ. ಚುಕ್ಕಿ ಇಲ್ಲದ ಮಗು ಮಾತ್ರ ಹೋಗುವುದಿಲ್ಲ. ‘ಹೀಗೇ ಮಾಡ್ತಿದ್ರೆ ಕೌನ್ಸೆಲರ್ ಹತ್ರ ಕಳಿಸ್ತೀನಿ ನೋಡು’ ಅಂತ ಒಬ್ಬ ಟೀಚರ್ ಒಂದೇ ಒಂದು ಸಲ ಗದರಿದರೂ ಸಾಕು, ಆ ಬಾಗಿಲು ಮಕ್ಕಳ ಲೆಕ್ಕದಲ್ಲಿ ಶಿಕ್ಷೆಯ ಬಾಗಿಲಾಯಿತು.

ಹಾಗಾದರೆ ತೊಂದರೆ ಇರುವ ಮಕ್ಕಳನ್ನು ನಾವೇ ಹುಡುಕಿ ಕರೆತಂದರೆ ಆಯಿತಲ್ಲ? ಇಲ್ಲಿ ಒಂದು ಲೆಕ್ಕ ಅಡ್ಡ ಬರುತ್ತದೆ. ಲಂಡನ್ನಿನ ವೈದ್ಯ ಜೆಫ್ರಿ ರೋಸ್ 1980ರ ದಶಕದಲ್ಲಿ ಹೃದ್ರೋಗದ ವಿಷಯದಲ್ಲಿ ಇದನ್ನು ತೋರಿಸಿದರು. ನಾವು ಅದನ್ನು ಶಾಲೆಗೆ ತಂದು ನೋಡೋಣ, ಅಂಕಿಗಳು ಸುಮ್ನೆ ಉದಾಹರಣೆಗೆ. ಒಂದು ಶಾಲೆಯಲ್ಲಿ 500 ಮಕ್ಕಳು. ಅವರಲ್ಲಿ 50 ಮಂದಿ ಮೇಲ್ನೋಟಕ್ಕೇ ಕಷ್ಟದಲ್ಲಿದ್ದಾರೆ, ಅವರಲ್ಲಿ ಐದಕ್ಕೊಬ್ಬರು ಈ ವರ್ಷ ಖಿನ್ನತೆಗೆ ಜಾರಬಹುದು ಅನ್ನಿ. ಅಲ್ಲಿಗೆ 10 ಮಕ್ಕಳು. ಉಳಿದ 450 ಮಂದಿ ‘ಆರಾಮಾಗಿದ್ದಾರೆ’. ಅವರಲ್ಲಿ ಇಪ್ಪತ್ತಕ್ಕೊಬ್ಬರು ಜಾರಿದರೂ 22 ಮಕ್ಕಳಾದರು! ಅಂದರೆ ಅಪಾಯ ಕಮ್ಮಿ ಇರುವ ದೊಡ್ಡ ಗುಂಪಿನಿಂದಲೇ ಕಾಯಿಲೆಯವರು ಜಾಸ್ತಿ ಬರಬಹುದು. ಕಣ್ಣಿಗೆ ಬಿದ್ದ 50 ಮಂದಿಯನ್ನು ಎಷ್ಟೇ ಚೆನ್ನಾಗಿ ನೋಡಿಕೊಂಡರೂ ಈ 22 ಮಂದಿ ಪಟ್ಟಿಯ ಹೊರಗೇ ಉಳಿಯುತ್ತಾರೆ.

ವಯಸ್ಸಿನ ಲೆಕ್ಕವೂ ಇದನ್ನೇ ಹೇಳುತ್ತದೆ. ಜಗತ್ತಿನ ಬೇರೆ ಬೇರೆ ಕಡೆ ನಡೆದ 192 ಅಧ್ಯಯನಗಳನ್ನು ಒಟ್ಟು ಸೇರಿಸಿ ನೋಡಿದ ವಿಶ್ಲೇಷಣೆಯೊಂದು 2022ರಲ್ಲಿ ಪ್ರಕಟವಾಯಿತು. ಮಾನಸಿಕ ಕಾಯಿಲೆ ಬಂದವರಲ್ಲಿ ಸುಮಾರು ಮೂರನೇ ಒಂದು ಭಾಗದವರಿಗೆ ಅದು 14 ವರ್ಷಕ್ಕೆ ಮುಂಚೆಯೇ ಶುರುವಾಗಿತ್ತು. ಹೆಚ್ಚುಕಮ್ಮಿ ಅರ್ಧದಷ್ಟು ಜನರಿಗೆ 18ರ ಒಳಗೆ. ಅವೆಲ್ಲ ಶಾಲೆಯ ಬೆಂಚಿನ ಮೇಲೆ ಕೂತಿರುವ ವರ್ಷಗಳು.

ತಮಾಷೆ ಅಂದರೆ, ಶಾಲಾ ಕೌನ್ಸೆಲಿಂಗ್ ಅನ್ನುವ ಈ ಕೆಲಸ ಶುರುವಾದಾಗ ಎಲ್ಲ ಮಕ್ಕಳಿಗೂ ಅಂತಲೇ ಶುರುವಾಗಿತ್ತು. ಅಮೆರಿಕದ ಮಿಷಿಗನ್ ರಾಜ್ಯದ ಗ್ರ್ಯಾಂಡ್ ರ‍್ಯಾಪಿಡ್ಸ್‌ನಲ್ಲಿ ಜೆಸ್ಸಿ ಡೇವಿಸ್ ಅಂತ ಒಬ್ಬ ಹೆಡ್‌ಮಾಸ್ಟರ್. 1907ರಲ್ಲಿ ಅವರು ಇಂಗ್ಲಿಷ್ ಟೀಚರ್‌ಗಳಿಗೆ ಒಂದು ಕೆಲಸ ವಹಿಸಿದರು. ಪ್ರಬಂಧದ ಪಾಠದ ಜೊತೆಗೇ ಮಕ್ಕಳ ಸ್ವಭಾವ, ಮುಂದಿನ ಕಸುಬು ಇವುಗಳ ಬಗ್ಗೆ ತರಗತಿಯಲ್ಲಿ ಮಾತಾಡಿಸಬೇಕು. ಮರುವರ್ಷ ಬಾಸ್ಟನ್‌ನಲ್ಲಿ ಫ್ರಾಂಕ್ ಪಾರ್ಸನ್ಸ್ ಯುವಕರಿಗೆ ಕಸುಬು ಆರಿಸಿಕೊಳ್ಳಲು ನೆರವಾಗುವ ಕಚೇರಿ ತೆರೆದರು. ಅಲ್ಲಿ ಮಾತುಕತೆ ಒಬ್ಬೊಬ್ಬರ ಜೊತೆ, ಎದುರು ಬದುರು ಕೂತು. ಆಮೇಲೆ 1957ರಲ್ಲಿ ಸೋವಿಯತ್ ಒಕ್ಕೂಟ ಸ್ಪುಟ್ನಿಕ್ ಉಪಗ್ರಹ ಹಾರಿಸಿತು. ಗಾಬರಿಯಾದ ಅಮೆರಿಕ ಮರುವರ್ಷವೇ ಕಾನೂನು ಮಾಡಿ ಶಾಲಾ ಕೌನ್ಸೆಲರ್‌ಗಳಿಗೆ ಹಣ ಸುರಿಯಿತು. ಯಾಕೆ? ವಿಜ್ಞಾನ, ಗಣಿತದಲ್ಲಿ ಚುರುಕಾದ ಮಕ್ಕಳನ್ನು ಹೆಕ್ಕಿ ತೆಗೆಯಲು. ಕೌನ್ಸೆಲರ್‌ಗಳ ಸಂಖ್ಯೆ ಏರಿತು, ಆದರೆ ಗಮನವೆಲ್ಲ ಆಯ್ದ ಮಕ್ಕಳ ಕಡೆ ಹೋಯಿತು.

1970ರ ದಶಕದಲ್ಲಿ ಅಮೆರಿಕದ ಮಿಸೂರಿ ರಾಜ್ಯದ ಪ್ರಾಧ್ಯಾಪಕ ನಾರ್ಮನ್ ಗೈಸ್ಬರ್ಸ್ ಮತ್ತು ಜೊತೆಗಾರರು ಇದನ್ನು ತಿರುಗಿಸಿ ಹಾಕಿದರು. ಕೌನ್ಸೆಲಿಂಗ್ ಅನ್ನುವುದು ಶಾಲೆಯ ಒಂದು ಹುದ್ದೆ ಮಾತ್ರ ಆಗಿದ್ದರೆ ಸಾಲದು, ಗಣಿತದ ಹಾಗೆ ಅದಕ್ಕೂ ಒಂದು ಪಠ್ಯ, ಒಂದು ಟೈಮ್ ಟೇಬಲ್, ವರ್ಷದ ಕೊನೆಗೆ ಒಂದು ಲೆಕ್ಕ ಇರಬೇಕು ಅನ್ನುವುದು ಅವರ ವಾದ. ಅಮೆರಿಕದ ಶಾಲಾ ಕೌನ್ಸೆಲರ್‌ಗಳ ಸಂಘ 2003ರಲ್ಲಿ ಹೊರತಂದ ರಾಷ್ಟ್ರೀಯ ಮಾದರಿ ಬೆಳೆದದ್ದು ಇದೇ ವಿಚಾರದಿಂದ. 250 ಮಕ್ಕಳಿಗೆ ಒಬ್ಬ ಕೌನ್ಸೆಲರ್ ಇರಬೇಕು, ಅವರ ಸಮಯದ ಶೇ. 80 ಭಾಗ ಮಕ್ಕಳಿಗಾಗಿಯೇ ಹೋಗಬೇಕು ಅನ್ನುತ್ತದೆ ಆ ಸಂಘ.

ವಾದ ಏನೋ ಚೆನ್ನಾಗಿದೆ. ಪುರಾವೆ ಇದೆಯಾ? ನನಗೆ ಎಲ್ಲಕ್ಕಿಂತ ಗಟ್ಟಿ ಅನ್ನಿಸುವುದು ಯುರೋಪಿನ 10 ದೇಶಗಳಲ್ಲಿ ನಡೆದು 2015ರಲ್ಲಿ ಫಲಿತಾಂಶ ಹೊರಬಂದ ಒಂದು ದೊಡ್ಡ ಪ್ರಯೋಗ. 168 ಶಾಲೆ, 11 ಸಾವಿರಕ್ಕೂ ಜಾಸ್ತಿ ಹದಿಹರೆಯದವರು. ಶಾಲೆಗಳನ್ನು ಚೀಟಿ ಎತ್ತಿದ ಹಾಗೆ ನಾಲ್ಕು ಗುಂಪು ಮಾಡಿದರು. ಒಂದು ಗುಂಪಿನಲ್ಲಿ ಶಿಕ್ಷಕರಿಗೆ ತರಬೇತಿ: ಯಾವ ಮಗು ಆತ್ಮಹತ್ಯೆಯ ಯೋಚನೆಯಲ್ಲಿರಬಹುದು ಅಂತ ಗುರುತಿಸುವುದು ಹೇಗೆ. ಇನ್ನೊಂದರಲ್ಲಿ ಮಕ್ಕಳಿಂದ ಪ್ರಶ್ನಾವಳಿ ತುಂಬಿಸಿ, ಅಪಾಯದಲ್ಲಿರುವವರನ್ನು ಸೋಸಿ ತಜ್ಞರ ಹತ್ತಿರ ಕಳಿಸುವುದು. ಮೂರನೆಯದರಲ್ಲಿ ಯಾರನ್ನೂ ಸೋಸಲಿಲ್ಲ. ತರಗತಿಯ ಎಲ್ಲರಿಗೂ ನಾಲ್ಕು ವಾರದಲ್ಲಿ ಸುಮಾರು ಐದು ಗಂಟೆ ಪಾಠ. ಪಾಠ ಅಂದರೆ ಭಾಷಣ ಅಂದುಕೊಳ್ಳಬೇಡಿ. ಮಕ್ಕಳು ಪಾತ್ರ ಹಾಕಿ ಆಡಿ ತೋರಿಸುತ್ತಿದ್ದರು, ಚರ್ಚೆ ಮಾಡುತ್ತಿದ್ದರು. ನಾಲ್ಕನೆಯ ಗುಂಪಿನ ತರಗತಿಗಳಲ್ಲಿ ಬರೀ ಮಾಹಿತಿಯ ಪೋಸ್ಟರ್‌ಗಳು.

ವರ್ಷದ ನಂತರ ನೋಡಿದರೆ, ಪೋಸ್ಟರ್ ಗುಂಪಿನಲ್ಲಿ ಶೇ. 1.51ರಷ್ಟು ಮಕ್ಕಳು ಹೊಸದಾಗಿ ಆತ್ಮಹತ್ಯೆಗೆ ಪ್ರಯತ್ನಿಸಿದ್ದರು. ಎಲ್ಲರಿಗೂ ಪಾಠ ಮಾಡಿದ ಗುಂಪಿನಲ್ಲಿ ಅದು ಶೇ. 0.70. ಅರ್ಧಕ್ಕಿಂತ ಕಮ್ಮಿ! ಶಿಕ್ಷಕರು ಗುರುತಿಸುವ ಗುಂಪಿನಲ್ಲಾಗಲಿ, ಸೋಸುವ ಗುಂಪಿನಲ್ಲಾಗಲಿ ಖಚಿತವಾಗಿ ಹೇಳುವಂಥ ವ್ಯತ್ಯಾಸ ಸಿಗಲಿಲ್ಲ. ಅಂದಹಾಗೆ, ಈ ವಿಷಯ ಎತ್ತಿದರೆ ಮಕ್ಕಳ ತಲೆಗೆ ನಾವೇ ಹುಳ ಬಿಟ್ಟ ಹಾಗಾಗುತ್ತದೆ ಅನ್ನುವ ಭಯ ದೊಡ್ಡವರಲ್ಲಿ ಬಹಳ. ಕಾಳಜಿಯಿಂದ ನೇರವಾಗಿ ಕೇಳಿದರೆ ಹಾಗಾಗುತ್ತದೆ ಅನ್ನುವುದಕ್ಕೆ ಸಂಶೋಧನೆಗಳಲ್ಲಿ ಆಧಾರ ಸಿಕ್ಕಿಲ್ಲ.

ಓದಿನ ಮೇಲೂ ಪರಿಣಾಮ ಇದೆ. ಸಿಟ್ಟು ಹಿಡಿತದಲ್ಲಿಡುವುದು, ಇನ್ನೊಬ್ಬರ ಮನಸ್ಸು ಅರಿಯುವುದು ಇಂಥವನ್ನು ಎಲ್ಲ ಮಕ್ಕಳಿಗೂ ಕಲಿಸುವ 213 ಕಾರ್ಯಕ್ರಮಗಳ ಫಲಿತಾಂಶವನ್ನು 2011ರಲ್ಲಿ ಒಟ್ಟುಗೂಡಿಸಿದರು. ಒಟ್ಟು 2 ಲಕ್ಷ 70 ಸಾವಿರ ಮಕ್ಕಳು. ಅಂಕದ ಪ್ರಕಾರ ನೂರು ಮಕ್ಕಳನ್ನು ಸಾಲಾಗಿ ನಿಲ್ಲಿಸಿದರೆ, ನಟ್ಟನಡುವೆ ಇದ್ದ ಮಗು ಸರಾಸರಿ 11 ಸ್ಥಾನ ಮುಂದೆ ಬಂದಂತಾಗಿತ್ತು.

ಇಷ್ಟು ಹೇಳಿ ನಿಲ್ಲಿಸಿದರೆ ಅರ್ಧ ಸತ್ಯವಾಗುತ್ತದೆ. ಎಲ್ಲರಿಗೂ ಕೊಟ್ಟದ್ದೆಲ್ಲ ಕೆಲಸ ಮಾಡುವುದಿಲ್ಲ. ಬ್ರಿಟನ್ನಿನ 85 ಶಾಲೆಗಳಲ್ಲಿ 8,000ಕ್ಕೂ ಹೆಚ್ಚು ಮಕ್ಕಳ ಮೇಲೆ ಮೈಂಡ್‌ಫುಲ್‌ನೆಸ್, ಅಂದರೆ ಉಸಿರಿನ ಮೇಲೆ, ಈ ಕ್ಷಣದ ಮೇಲೆ ಗಮನ ಇಡುವ ತರಬೇತಿಯ ಪ್ರಯೋಗ ನಡೆಯಿತು. ಶಿಕ್ಷಕರಿಗೆ ಮೊದಲೇ ತರಬೇತಿ ಕೊಟ್ಟಿದ್ದರು, ತಯಾರಿಯಲ್ಲಿ ಕೊರತೆ ಇರಲಿಲ್ಲ. 2022ರಲ್ಲಿ ಬಂದ ಫಲಿತಾಂಶ ನೋಡಿದರೆ, ಮೊದಲಿನಿಂದ ನಡೆಯುತ್ತಿದ್ದ ಮಾಮೂಲಿ ಪಾಠಕ್ಕಿಂತ ಏನೂ ಹೆಚ್ಚು ಉಪಯೋಗವಾಗಿರಲಿಲ್ಲ. ಮನೆಯಲ್ಲಿ ಅಭ್ಯಾಸ ಮಾಡಿದ ಮಕ್ಕಳೂ ತುಂಬ ಕಮ್ಮಿ. ಕಣ್ಣು ಮುಚ್ಚಿ ಕೂರಿಸಿದರೆ ಮನಸ್ಸು ಸರಿಹೋಗುತ್ತದೆ ಅನ್ನುವವರು ಇದನ್ನು ಒಮ್ಮೆ ಓದಬೇಕು. ಶಾಲೆಗಳಿಗೆ ಹೊಸ ಹೆಸರಿನ ಕಾರ್ಯಕ್ರಮಗಳ ಮೇಲೆ ಮೋಹ ಜಾಸ್ತಿ, ಅದು ಫಲ ಕೊಟ್ಟಿತಾ ಅಂತ ತಿರುಗಿ ನೋಡುವ ಅಭ್ಯಾಸ ಕಮ್ಮಿ.

ಹಾಗಾದರೆ ಒಬ್ಬ ಕೌನ್ಸೆಲರ್ ವಾರವನ್ನು ಹೇಗೆ ಹಂಚಿಕೊಳ್ಳಬೇಕು? ವರ್ಷಕ್ಕೆ 200 ದಿನ, ದಿನಕ್ಕೆ 6 ಗಂಟೆ ಅಂದರೆ ಕೈಯಲ್ಲಿರುವುದು 1,200 ಗಂಟೆ. 500 ಮಕ್ಕಳಿಗೆ ಒಬ್ಬೊಬ್ಬರನ್ನಾಗಿ ಹಂಚಿದರೆ ತಲೆಗೆ ವರ್ಷಕ್ಕೆ ಎರಡೂವರೆ ಗಂಟೆಯೂ ಬರುವುದಿಲ್ಲ. ಅದೇ 40 ಮಕ್ಕಳ ತರಗತಿಗೆ ಹೋಗಿ ಒಂದು ಪೀರಿಯಡ್ ತೆಗೆದುಕೊಂಡರೆ 40 ಮಂದಿಗೂ ಒಟ್ಟಿಗೆ ಸಿಕ್ಕಿತು. ಚಿಕ್ಕ ಮಕ್ಕಳಿಗಾದರೆ ಗುಟ್ಟು ಮತ್ತು ಸರ್‌ಪ್ರೈಸ್ ನಡುವಿನ ವ್ಯತ್ಯಾಸದ ಪಾಠ. ಅಮ್ಮನ ಹುಟ್ಟುಹಬ್ಬದ ಉಡುಗೊರೆ ಸರ್‌ಪ್ರೈಸು, ಅದು ಒಂದು ದಿನ ಎಲ್ಲರಿಗೂ ಗೊತ್ತಾಗುತ್ತದೆ. ‘ಯಾರಿಗೂ ಯಾವತ್ತೂ ಹೇಳಬೇಡ’ ಅಂತ ಯಾರಾದರೂ ಹೇಳಿದರೆ ಅದು ಗುಟ್ಟು, ಅದನ್ನೇ ಮೊದಲು ನಂಬಿಕೆಯ ದೊಡ್ಡವರಿಗೆ ಹೇಳಬೇಕು.

ಅದರ ಮೇಲಿನ ಮೆಟ್ಟಿಲು ಸಣ್ಣ ಗುಂಪುಗಳದ್ದು. ಮನೆಯಲ್ಲಿ ಸಾವಾದ, ಅಪ್ಪ ಅಮ್ಮ ಬೇರೆಯಾದ, ಪರೀಕ್ಷೆ ಅಂದರೆ ಹೊಟ್ಟೆ ತೊಳಸುವ ಆರೇಳು ಮಕ್ಕಳು ವಾರಕ್ಕೊಮ್ಮೆ ಕೂತು ಮಾತಾಡುತ್ತಾರೆ. ಇನ್ನು ಕೆಲವರಿಗೆ ಒಂದು ಕಾರ್ಡು. ಬೆಳಗ್ಗೆ ಬಂದಾಗ ಮೊದಲೇ ಗೊತ್ತುಮಾಡಿದ ಒಬ್ಬ ದೊಡ್ಡವರಿಗೆ ಅದನ್ನು ತೋರಿಸಿ ಎರಡು ಮಾತಾಡುವುದು, ಸಂಜೆ ಹೋಗುವಾಗ ಮತ್ತೆ ತೋರಿಸುವುದು. ನೋಡಲಿಕ್ಕೆ ಏನೂ ಅಲ್ಲ ಅನ್ನಿಸುತ್ತದೆ, ಆದರೆ ಆ ಮಗುವನ್ನು ದಿನಕ್ಕೆ ಎರಡು ಸಲ ಒಬ್ಬರು ಹೆಸರು ಹಿಡಿದು ಕರೆದಂತಾಯಿತು. ಒಬ್ಬರೇ ಕೂತು ಮಾತಾಡುವ ಕೌನ್ಸೆಲಿಂಗ್ ಕೊನೆಯ ಮೆಟ್ಟಿಲು. ಅಲ್ಲಿಗೂ ಮೀರಿದ್ದನ್ನು ವೈದ್ಯರ ಹತ್ತಿರ ಕಳಿಸಬೇಕು.

ಯಾರು ಯಾವ ಮೆಟ್ಟಿಲಿಗೆ ಅಂತ ತಿಳಿಯಲು ದೊಡ್ಡ ಪರೀಕ್ಷೆ ಬೇಡ, ಹಾಜರಿ ಪುಸ್ತಕ ತೆರೆಯಿರಿ. ಹತ್ತರಲ್ಲಿ ಒಂದು ಭಾಗದಷ್ಟು ದಿನ ತಪ್ಪಿಸಿಕೊಂಡ ಮಗುವಿನ ಕಡೆ ಗಮನ ಹರಿಸಬೇಕು ಅನ್ನುವುದು ಹಲವು ಕಡೆ ಬಳಕೆಯಲ್ಲಿರುವ ಅಳತೆ. 200 ದಿನಕ್ಕೆ 20 ದಿನ, ಅಂದರೆ ತಿಂಗಳಿಗೆ ಎರಡೇ ದಿನ. ಒಂದು ಸೋಮವಾರ ಹೊಟ್ಟೆನೋವು, ಒಂದು ಗುರುವಾರ ತಲೆನೋವು. ಆಯಾ ವಾರ ನೋಡಿದರೆ ಯಾರಿಗೂ ಏನೂ ಅನ್ನಿಸುವುದಿಲ್ಲ. ಕೂಡಿಸಿ ನೋಡಿದವರಿಗೆ ಮಾತ್ರ ಕಾಣುತ್ತದೆ.

ಕೂಡಿಸಿ ನೋಡುವುದಕ್ಕೆ ಕೌನ್ಸೆಲರ್‌ಗೆ ಬಿಡುವು ಬೇಕಲ್ವಾ? ಗೈರಾದ ಟೀಚರ್ ಬದಲಿಗೆ ತರಗತಿ, ಪರೀಕ್ಷೆಯ ಉಸ್ತುವಾರಿ, ಸರ್ಟಿಫಿಕೇಟು ಬರೆಯುವುದು, ವಾರ್ಷಿಕೋತ್ಸವದ ವೇದಿಕೆ. ‘ನಿಮಗೆ ಪಾಠ ಇಲ್ವಲ್ಲ’ ಅನ್ನುವ ಒಂದು ಮಾತಿನಿಂದ ಇಡೀ ವಾರ ಕರಗಿಹೋಗುತ್ತದೆ. ಸಮಯದ ಶೇ. 80 ಅನ್ನುವ ಅಳತೆಯ ಬೆಲೆ ತಿಳಿಯುವುದೇ ಇಲ್ಲಿ.

ಇದೇ ಕೆಲಸವನ್ನು ಶಿಕ್ಷಕರಿಗೇ ವಹಿಸಿದರೆ? ಬಿಹಾರದ 74 ಪ್ರೌಢಶಾಲೆಗಳಲ್ಲಿ ನಡೆದ ಪ್ರಯೋಗ ಈ ಪ್ರಶ್ನೆಗೆ ಉತ್ತರ ಕೊಟ್ಟಿದೆ. ಮನಶ್ಶಾಸ್ತ್ರದ ಪದವಿ ಇಲ್ಲದ, ಆದರೆ ಇದೇ ಕೆಲಸಕ್ಕೆ ತರಬೇತಿ ಪಡೆದ ಕೌನ್ಸೆಲರ್‌ಗಳು ಕೆಲವು ಶಾಲೆಗಳಲ್ಲಿ. ಇನ್ನು ಕೆಲವು ಕಡೆ ಅದೇ ಕಾರ್ಯಕ್ರಮ ಶಿಕ್ಷಕರ ಕೈಯಲ್ಲಿ. ಪ್ರಾರ್ಥನೆಯ ಹೊತ್ತಿನಲ್ಲಿ ಎಲ್ಲರ ಎದುರು ಮಾತು, ಗೋಡೆ ಪತ್ರಿಕೆ, ಮಕ್ಕಳು ಹೆಸರು ಹಾಕದೆಯೂ ಚೀಟಿ ಹಾಕಬಹುದಾದ ಒಂದು ಪೆಟ್ಟಿಗೆ, ಬೇಕಾದವರಿಗೆ ಒಬ್ಬೊಬ್ಬರ ಜೊತೆ ಮಾತುಕತೆ. 2018ರಲ್ಲಿ ಫಲಿತಾಂಶ ಬಂತು. ಕೌನ್ಸೆಲರ್‌ಗಳಿದ್ದ ಶಾಲೆಗಳಲ್ಲಿ ಖಿನ್ನತೆ, ಪೀಡನೆ, ಹೊಡೆದಾಟ ಎಲ್ಲ ಇಳಿದಿದ್ದವು, ಶಾಲೆಯ ವಾತಾವರಣ ಸುಧಾರಿಸಿತ್ತು. ಶಿಕ್ಷಕರಿಗೆ ವಹಿಸಿದ ಕಡೆ ವ್ಯತ್ಯಾಸ ಕಾಣಲಿಲ್ಲ. ಶಿಕ್ಷಕರಿಗೆ ಮನಸ್ಸಿಲ್ಲ ಅಂತ ಇದರ ಅರ್ಥವಲ್ಲ. ಪಾಠ ಮುಗಿಸುವ ಅವಸರ ಅವರಿಗೆ ಇದ್ದದ್ದೇ. ಮತ್ತೆ, ನಾಳೆ ಉತ್ತರ ಪತ್ರಿಕೆಗೆ ಅಂಕ ಹಾಕುವವರ ಮುಂದೆ ಯಾವ ಮಗು ತಾನೇ ಮನೆಯ ಗೋಳು ಬಿಚ್ಚಿಡುತ್ತದೆ?

ಆದರೂ ಮೊದಲ ಬಾಗಿಲು ಶಿಕ್ಷಕರೇ ಆಗಿರಬಹುದು. ಕೆಲವು ಕೌನ್ಸೆಲರ್‌ಗಳು ವರ್ಷದ ಶುರುವಿನಲ್ಲಿ ಮಕ್ಕಳಿಗೊಂದು ಚೀಟಿ ಕೊಡುತ್ತಾರೆ: ‘ನಿನಗೆ ತೊಂದರೆಯಾದರೆ ಈ ಶಾಲೆಯಲ್ಲಿ ಯಾರ ಹತ್ತಿರ ಹೇಳುತ್ತೀಯ?’ ಅರ್ಧ ವರ್ಷದ ಮೇಲೆ ಅದೇ ಪ್ರಶ್ನೆ, ಅದೇ ಅಳತೆಯ ಚೀಟಿ. ಖಾಲಿ ಬಂದ ಚೀಟಿಗಳನ್ನು ಎರಡೂ ಸಲ ಎಣಿಸುತ್ತಾರೆ. ಭರ್ತಿಯಾದವುಗಳಲ್ಲಿ ಯಾರ ಹೆಸರು ಬೇಕಾದರೂ ಇರಬಹುದು. ಡ್ರಿಲ್ ಮೇಷ್ಟ್ರು, ಲ್ಯಾಬ್ ಸಹಾಯಕರು, ಗೇಟಿನ ಹತ್ತಿರ ಕೂರುವವರು. ಹಾಗೆ ಹೆಸರು ಬಂದವರಿಗೆಲ್ಲ ಮೂರು ವಿಷಯ ಹೇಳಿಕೊಟ್ಟಿರಬೇಕು. ಮಗು ಬಂದು ಮಾತು ಶುರು ಮಾಡಿದರೆ ಕೈಯಲ್ಲಿರುವ ಕೆಲಸ ಕೆಳಗಿಟ್ಟು ಕೇಳಿ. ‘ಯಾರಿಗೂ ಹೇಳಲ್ಲ’ ಅಂತ ಮಾತು ಕೊಡಬೇಡಿ, ಯಾಕೆಂದರೆ ಮಗು ತನಗೆ ತಾನೇ ಏನಾದರೂ ಮಾಡಿಕೊಳ್ಳುವ ಹಾಗಿದ್ದರೆ, ಅಥವಾ ಅದಕ್ಕೆ ಯಾರಾದರೂ ಹಿಂಸೆ ಕೊಡುತ್ತಿದ್ದರೆ ಹೇಳಲೇಬೇಕಾಗುತ್ತದೆ. ಆಮೇಲೆ ‘ಕೌನ್ಸೆಲರ್ ಹತ್ರ ಹೋಗು’ ಅಂತ ಕೈ ತೋರಿಸಿ ಕಳಿಸಬೇಡಿ, ಕಾರಿಡಾರಿನ ಕೊನೆಯ ಆ ರೂಮಿನ ತನಕ ಮಗುವಿನ ಜೊತೆ ನೀವೂ ನಡೆದು ಹೋಗಿ.