ಅಂಗಳದ ಸೊಳ್ಳೆಗೆ ಏನು ಹೊಡೀಬೇಕು ಅಂತ ಕೇಳೋರಿಗೆ

ಮಳೆ ಹಿಡಿತು ಅಂದ್ರೆ ನಂಗೆ ಬರೋ ಫೋನೆಲ್ಲ ಹೆಚ್ಚುಕಮ್ಮಿ ಒಂದೇ ಥರ. "ಸರ್, ಸಾಯಂಕಾಲ ಅಂಗಳದಲ್ಲಿ ಕೂರೋ ಹಾಗಿಲ್ಲ, ಏನಾದ್ರೂ ಸ್ಟ್ರಾಂಗ್ ಆಗಿರೋದು ಹೊಡ್ಕೊಟ್ಟು ಹೋಗಿ." ನಾನು ವಾಪಸ್ ಕೇಳೋದು, ಕಚ್ಚೋದು ಎಷ್ಟ್ ಹೊತ್ತಿಗೆ, ಕಾಲಿಗಾ ಕೈಗಾ, ಸೊಳ್ಳೆ ಮೈಮೇಲೆ ಬಿಳಿ ಪಟ್ಟೆ ಇದೆಯಾ ಅಂತ. ಕೆಲವರಿಗೆ ಸಿಟ್ಟೇ ಬರತ್ತೆ, ಸೊಳ್ಳೆ ಅಂದ್ರೆ ಸೊಳ್ಳೆ, ಅದ್ರಲ್ಲೂ ಜಾತಿ ಕೇಳ್ತೀರಲ್ಲ ಅಂತ. ಕೇಳ್ಲೇಬೇಕು ಸ್ವಾಮಿ, ಸೊಳ್ಳೆ ವಿಷಯದಲ್ಲಿ ಮಾತ್ರ ಜಾತಿ ಕೇಳದೆ ಕೆಲಸ ಆಗಲ್ಲ, ಯಾಕಂದ್ರೆ ಒಂದೊಂದು ಒಂದೊಂದು ಥರದ ನೀರಲ್ಲಿ ಹುಟ್ಟತ್ತೆ, ಒಂದಕ್ಕೆ ಮಾಡಿದ ಖರ್ಚು ಇನ್ನೊಂದಕ್ಕೆ ಪೂರ್ತಿ ದಂಡ.

ಬೆಳಿಗ್ಗೆ ತುಳಸಿಗೆ ನೀರು ಹಾಕೋವಾಗ, ಬಟ್ಟೆ ಒಣಗಾಕೋವಾಗ, ಇಲ್ಲಾ ಸಂಜೆ ಬೆಳಕಿರೋವಾಗ್ಲೇ ಮಕ್ಕಳು ಆಡ್ತಿದ್ರೆ ಮೊಣಕಾಲಿಂದ ಕೆಳಗೆ ಸದ್ದಿಲ್ದೆ ಬಂದು ಕಚ್ಚೋದು, ಕಪ್ಪು ಮೈ, ಕಾಲ್ಮೇಲೆ ಬಿಳಿ ಪಟ್ಟೆ, ಅದು ಈಡಿಸ್. ಡೆಂಗಿ, ಚಿಕುನ್‌ಗುನ್ಯಾ ಎರಡೂ ತರೋದು ಇದೇ. ದೀಪ ಹಚ್ಚೋ ಹೊತ್ತಿಗೆ ದಂಡಾಗಿ ಬಂದು ರಾತ್ರಿಯೆಲ್ಲ ಕಿವಿ ಹತ್ರ ಗುಂಯ್ ಅನ್ನೋ ಕಂದು ಬಣ್ಣದ್ದು ಕ್ಯೂಲೆಕ್ಸ್, ಚರಂಡಿ, ಸೆಪ್ಟಿಕ್ ಟ್ಯಾಂಕು, ಕೊಳೆತ ನೀರಿಂದು. ಆನೆಕಾಲು ರೋಗ ಹರಡೋದು ಈ ಜಾತಿಯಿಂದ. ಮೂರನೇದು ಅನಾಫಿಲಿಸ್, ಮಲೇರಿಯಾದ್ದು. ಮಂಗಳೂರು ಕಡೆಯೋರಿಗೆ ಇದು ಚೆನ್ನಾಗಿ ಗೊತ್ತು, ತಾರಸಿ ಟ್ಯಾಂಕು, ಬಾವಿ, ಕಟ್ಟಡಕ್ಕೆ ಕ್ಯೂರಿಂಗ್ ಮಾಡೋ ನೀರು, ಇಂಥ ಜಾಗದಲ್ಲೇ ಅದರ ಸಂಸಾರ.

ಇಷ್ಟು ಗೊತ್ತಾದ್ರೆ ಅರ್ಧ ಲೆಕ್ಕ ಮುಗೀತು. ಈಡಿಸ್ ದೂರ ಹಾರೋ ಸೊಳ್ಳೆ ಅಲ್ಲ, ಸಾಮಾನ್ಯವಾಗಿ ಹುಟ್ಟಿದ ಜಾಗದಿಂದ ನೂರಿನ್ನೂರು ಮೀಟರ್ ಒಳಗೇ ಬದುಕು ಮುಗಿಸತ್ತೆ. ಅಂದ್ರೆ ನಿಮ್ಮ ಕಾಲಿಗೆ ಕಚ್ಚಿದ್ದು ನಿಮ್ಮನೇದೋ ಪಕ್ಕದ್ಮನೇದೋ ಎದುರ್ಮನೇದೋ ಆಗಿರತ್ತೆ, ದೂರದ ಕೆರೆ ಕಡೆ ಕೈ ತೋರಿಸ್ಬೇಡಿ. ಕ್ಯೂಲೆಕ್ಸ್ ಹಾಗಲ್ಲ, ಒಂದು ಕಿಲೋಮೀಟರ್ ಆಚೆ ರಾಜಕಾಲುವೆಯಿಂದ್ಲೂ ಬರಬಹುದು, ಅಲ್ಲಿ ನೀವು ಅಂಗಳ ಎಷ್ಟು ಚೊಕ್ಕ ಮಾಡಿದ್ರೂ ಪೂರ್ತಿ ಹೋಗಲ್ಲ, ಮೆಷ್ ಹಾಕಿಸ್ಕೊಳೋದು, ಪಾಲಿಕೆ ಹಿಂದೆ ಬೀಳೋದು, ಇವೇ ದಾರಿ. ಬೆಂಗಳೂರಲ್ಲಿ ಫೆಬ್ರವರಿ ಮಾರ್ಚಲ್ಲಿ ಸೊಳ್ಳೆ ಜಾಸ್ತಿ ಆಯ್ತು ಅಂತ ಗಲಾಟೆ ಆಗೋದು ಬಹುತೇಕ ಈ ಕ್ಯೂಲೆಕ್ಸ್‌ದು, ಮಳೆ ಇಲ್ದೆ ಚರಂಡಿ ನೀರು ಹರಿಯದೆ ನಿಂತಿರತ್ತಲ್ಲ, ಅದಕ್ಕೆ.

ಈಗ ಅಂಗಳಕ್ಕೆ ಬರೋಣ. ಯಾರ ಮನೆಗೆ ಹೋದ್ರೂ ನಾನು ಮೊದ್ಲು ಎತ್ತಿಸೋದು ಗೇಟ್ ಪಕ್ಕದ ವಾಟರ್ ಮೀಟರ್ ಚೇಂಬರ್ ಮುಚ್ಚಳ. ಒಂದಡಿ ಚೌಕದ ಗುಂಡಿ, ಮೇಲೆ ಕಬ್ಬಿಣದ ಶೀಟೋ ಕಡಪ ಕಲ್ಲೋ, ಒಳಗೆ ಪೈಪ್ ಜಾಯಿಂಟ್‌ನಿಂದ ತೊಟ್ಟಿಕ್ಕಿ ನಿಂತಿರೋ ನಾಲ್ಕು ಬೆರಳು ನೀರು, ಕತ್ತಲು, ತಂಪು, ಯಾರೂ ಕೈ ಹಾಕಲ್ಲ. ಟಾರ್ಚ್ ಬಿಟ್ಟ ತಕ್ಷಣ ಹುಳ, ಅಂದ್ರೆ ಸೊಳ್ಳೆ ಮರಿ, ಎಲ್ಲ ಬಳುಕ್ತಾ ತಳಕ್ಕೆ ಇಳೀತವೆ, ಮನೆಯೋರು "ಏನೂ ಇಲ್ವಲ್ಲ ಸರ್" ಅಂತಾರೆ, ಒಂದೆರಡು ನಿಮಿಷ ಅಲ್ಲಾಡದೆ ಕೂತ್ರೆ ಒಂದೊಂದಾಗಿ ಉಸಿರಾಡೋಕೆ ಮೇಲೆ ಬರ್ತವೆ. ಬಿಳಿ ಮಗ್ಗಲ್ಲಿ ಮೊಗೆದು ನೋಡಿ. ನೀರಿನ ಮೇಲ್ಮೈಗೆ ಸಮವಾಗಿ ಮಲಗಿದ ಹಾಗಿದ್ರೆ ಅನಾಫಿಲಿಸ್, ತಲೆ ಕೆಳಗಾಗಿ ಓರೆಯಾಗಿ ಜೋತಾಡ್ತಿದ್ರೆ ಕ್ಯೂಲೆಕ್ಸ್, ಹೆಚ್ಚುಕಮ್ಮಿ ನೇರವಾಗಿ ಕೆಳಗೆ ಜೋತಿದ್ದು ಉಸಿರಿನ ಕೊಳವೆ ಗಿಡ್ಡ ಇದ್ರೆ ಈಡಿಸ್. ಅದರ ಜೊತೆ ಅಲ್ಪವಿರಾಮ ಚಿಹ್ನೆ ಥರ ಬಾಗಿದ ದಪ್ಪ ತಲೆಯ ಹುಳ ಕಂಡ್ರೆ ಅದು ಪ್ಯೂಪಾ, ಇನ್ನೆರಡು ದಿನದಲ್ಲಿ ರೆಕ್ಕೆ ಬಂದು ಹಾರೋದು.

ಇನ್ನು ಮಿಕ್ಕಿದ್ದು ನಿಮಗೇ ಗೊತ್ತಿರೋ ಜಾಗಗಳು. ಹೂಕುಂಡದ ಕೆಳಗಿನ ತಟ್ಟೆ, ನೀರು ಹಿಡಿದಿಡೋ ನೀಲಿ ಡ್ರಮ್ಮು, ಹಿತ್ತಲಲ್ಲಿ ಬಿದ್ದಿರೋ ಹಳೇ ಒರಳು, ಎಳನೀರು ಬುರುಡೆ, ಸ್ಕೂಟರ್ ಟೈರು, ಸೌದೆ ಮೇಲೆ ಹೊದಿಸಿದ ಟಾರ್ಪಾಲಿನ ಗುಂಡಿ, ಸಜ್ಜೆ ಮೇಲೆ ಎಲೆ ಕಟ್ಟಿಕೊಂಡು ನಿಂತ ನೀರು, ಹಕ್ಕಿಗೆ ಅಂತ ಪುಣ್ಯ ಕಟ್ಕೊಳೋಕೆ ಇಟ್ಟ ಬಟ್ಟಲು. ಹಕ್ಕಿ ಬಟ್ಟಲು ತೆಗೀಬೇಡಿ, ದಿನಾ ನೀರು ಬದಲಾಯಿಸಿ, ಅಷ್ಟು ಸಾಕು. ನಮ್ಮ ಬಿಸಿಲಿಗೆ ಮೊಟ್ಟೆಯಿಂದ ಸೊಳ್ಳೆ ಆಗೋಕೆ ಎಂಟ್ಹತ್ತು ದಿನ ಬೇಕು, ಅದಕ್ಕೇ ವಾರಕ್ಕೊಂದ್ಸಲ ಅನ್ನೋ ಲೆಕ್ಕ ಬಂದಿರೋದು. ಆದ್ರೆ ಚೆಲ್ಲಿ ಮತ್ತೆ ತುಂಬಿದ್ರೆ ಈಡಿಸ್ ವಿಷಯದಲ್ಲಿ ಕೆಲಸ ಅರ್ಧ ಅಷ್ಟೇ. ಅದು ಮೊಟ್ಟೆ ಇಡೋದು ನೀರಲ್ಲಲ್ಲ, ನೀರಿನ ಮಟ್ಟಕ್ಕಿಂತ ಸ್ವಲ್ಪ ಮೇಲೆ, ಪಾತ್ರೆ ಗೋಡೆಗೆ ಅಂಟಿಸಿ, ಆ ಮೊಟ್ಟೆ ಒಣಗಿದ್ರೂ ತಿಂಗಳುಗಟ್ಟಲೆ ಜೀವ ಹಿಡ್ಕೊಂಡಿರತ್ತೆ, ಮತ್ತೆ ನೀರು ಏರಿದಾಗ ಒಡೆಯತ್ತೆ. ಹಾಗಾಗಿ ಡ್ರಮ್ ಖಾಲಿ ಮಾಡಿದ ಮೇಲೆ ಒಳಗೋಡೆನ ತೆಂಗಿನ ನಾರಲ್ಲೋ ಬ್ರಷ್ಷಲ್ಲೋ ಗಸಗಸ ಉಜ್ಜಬೇಕು. ಕೆಲಸದೋರಿಗೆ ಹೇಳಿ ಮಾಡಿಸ್ತೀನಿ ಅಂದ್ರೆ ಆಗತ್ತೆ, ಆದ್ರೆ ಮೊದಲೆರಡು ಸಲ ನೀವೇ ನಿಂತು ನೋಡಿ.

ದಕ್ಷಿಣ ಕನ್ನಡ, ಮಲೆನಾಡಿನ ತೋಟದ ಮನೆಗಳ ಕಥೆ ಬೇರೆ. "ನಮ್ಮಲ್ಲಿ ನೀರು ಎಲ್ಲೂ ನಿಲ್ಲುದಿಲ್ಲ ಮಾರಾಯ್ರೆ, ಎಲ್ಲ ಇಳಿಜಾರು" ಅಂತಾರೆ, ನಿಜ, ನೆಲದಲ್ಲಿ ನಿಲ್ಲಲ್ಲ. ಆದ್ರೆ ಬಿದ್ದ ಅಡಿಕೆ ಹಾಳೆ ಬುಡದಲ್ಲಿ ದೋಣಿ ಥರ ನಿಲ್ಲತ್ತೆ, ಟ್ಯಾಪಿಂಗ್ ನಿಲ್ಸಿದ ರಬ್ಬರ್ ಮರದ ಹಾಲು ಹಿಡಿಯೋ ಚಿಪ್ಪಲ್ಲಿ ನಿಲ್ಲತ್ತೆ, ಅಳಿಲು ಕೊರೆದ ಕೊಕ್ಕೋ ಕಾಯೊಳಗೆ ನಿಲ್ಲತ್ತೆ. ಈಡಿಸ್‌ನಲ್ಲೇ ತೋಟದಲ್ಲಿ ಇರೋ ಇನ್ನೊಂದು ಜಾತಿ, ಆಲ್ಬೋಪಿಕ್ಟಸ್ ಅಂತ, ಬೆನ್ನ ಮೇಲೆ ಒಂದೇ ಬಿಳಿ ಗೆರೆ, ಅದಕ್ಕೆ ಇವೆಲ್ಲ ಹೇಳಿ ಮಾಡಿಸಿದ ಜಾಗ. 2008ರಲ್ಲಿ ದಕ್ಷಿಣ ಕನ್ನಡದ ಊರೂರಲ್ಲಿ ಚಿಕುನ್‌ಗುನ್ಯಾ ಬಂದು ಜನ ಗಂಟುನೋವು ಹಿಡ್ಕೊಂಡು ಓಡಾಡಿದ್ದು ಇವತ್ತಿಗೂ ಹೇಳ್ತಾರೆ. ಅಷ್ಟು ದೊಡ್ಡ ತೋಟಕ್ಕೆಲ್ಲ ಔಷಧಿ ಹೊಡೆಯೋದು ಆಗಹೋಗೋ ಮಾತಲ್ಲ. ಮನೆ ಸುತ್ತ ನೂರು ಮೀಟರ್ ಅಂತ ಒಂದು ಗಡಿ ಹಾಕ್ಕೊಳಿ, ಅದರೊಳಗಿನ ಹಾಳೆ ಹೆಕ್ಕಿ ಒಣಗೋ ಜಾಗಕ್ಕೆ ಹಾಕಿ, ರಬ್ಬರ್ ಚಿಪ್ಪು ಬೋರಲಾಗಿ ಕವುಚಿಡಿ.

ಖಾಲಿ ಮಾಡೋಕಾಗದ ನೀರಿಗೆ ಏನು? ಇಲ್ಲಿ ನನ್ನ ಮೊದಲ ಆಯ್ಕೆ ಬಿಟಿಐ. ಬ್ಯಾಸಿಲಸ್ ಥುರಿಂಜಿಯೆನ್ಸಿಸ್ ಇಸ್ರೇಲೆನ್ಸಿಸ್ ಅಂತ ಉದ್ದ ಹೆಸರಿನ ಬ್ಯಾಕ್ಟೀರಿಯಾ, ಹುಳ ಅದನ್ನ ತಿಂದ್ರೆ ಕರುಳು ಒಡೆದು ಸಾಯತ್ತೆ, ಮನುಷ್ಯರಿಗೆ, ನಾಯಿಗೆ, ಮೀನಿಗೆ, ಜೇನಿಗೆ ಏನೂ ಮಾಡಲ್ಲ. ಪುದುಚೇರಿಯ ವಿಸಿಆರ್‌ಸಿ, ಅಂದ್ರೆ ಕೇಂದ್ರದ ವೈದ್ಯಕೀಯ ಸಂಶೋಧನಾ ಮಂಡಳಿ ಐಸಿಎಂಆರ್‌ನ ಸಂಸ್ಥೆ, ನಮ್ಮ ದೇಶದ್ದೇ ಒಂದು ತಳಿ ಕಂಡುಹಿಡಿದು ಕೊಟ್ಟಿದೆ. ಪ್ಯಾಕೆಟ್ ಮೇಲೆ ಬರೆದಿರೋ ಅಳತೆ ಮೀರ್ಬೇಡಿ, ಒಂದೆರಡು ವಾರಕ್ಕೆ ಮತ್ತೆ ಹಾಕ್ಬೇಕು. "ಹಾಕಿದ್ ಮಾರನೇ ದಿನಾನೂ ಹುಳ ಇದೆ, ಡೂಪ್ಲಿಕೇಟ್ ಮಾಲು" ಅಂತ ಜಗಳಕ್ಕೆ ಬರೋರಿಗೆ ಒಂದು ಮಾತು, ಉಳಿದಿರೋದು ಪ್ಯೂಪಾ ಇರಬೇಕು ನೋಡಿ, ಆ ಹಂತದಲ್ಲಿ ಅದು ಏನೂ ತಿನ್ನಲ್ಲ, ತಿಂದ್ರೆ ತಾನೆ ಸಾಯೋದು. ತುಂಬ ಕೊಳೆತ ನೀರಲ್ಲಿ ಬಿಟಿಐ ಶಕ್ತಿ ಬೇಗ ಕುಗ್ಗತ್ತೆ, ಅದೂ ನೆನಪಿರ್ಲಿ. ಅಬೇಟ್ ಅಂತ ಆರೋಗ್ಯ ಇಲಾಖೆಯೋರು ತರ್ತಾರಲ್ಲ, ಟೆಮಿಫಾಸ್, ಅದೂ ಚೆನ್ನಾಗೇ ಕೆಲಸ ಮಾಡತ್ತೆ, ಆದ್ರೆ ಅದು ರಾಸಾಯನಿಕ, ಅಳತೆ ಗೊತ್ತಿರೋರೇ ಹಾಕ್ಲಿ, ಯಾರೋ ಕೊಟ್ರು ಅಂತ ನೀರಿನ ಸಂಪ್‌ಗೆ ಸುರೀಬೇಡಿ.

ಬಾವಿ, ತಾವರೆ ತೊಟ್ಟಿ ಇರೋರಿಗೆ ಗಪ್ಪಿ ಮೀನು. ಕೋಲಾರ ಜಿಲ್ಲೆ ಕಾಮಸಮುದ್ರದ ಕಡೆ ಹಳ್ಳಿಗಳಲ್ಲಿ ಬಾವಿಗೆ ಗಪ್ಪಿ ಬಿಟ್ಟು ಮಲೇರಿಯಾ ಇಳಿಸಿದ್ದು ನಮ್ಮ ರಾಜ್ಯದ್ದೇ ಅನುಭವ, ವಿಜ್ಞಾನಿಗಳು ಬರೆದಿಟ್ಟಿದ್ದಾರೆ. ಗಂಬೂಸಿಯಾ ಅನ್ನೋ ಮೀನು ಇನ್ನೂ ಹೊಟ್ಟೆಬಾಕ, ಆದ್ರೆ ಗಪ್ಪಿ ಥರ ಅದೂ ಹೊರಗಿಂದ ಬಂದಿದ್ದು, ನಮ್ಮ ಕೆರೆ ಹಳ್ಳದ ಸಣ್ಣ ಮೀನು, ಕಪ್ಪೆ ಮೊಟ್ಟೆ ಯಾವುದನ್ನೂ ಬಿಡಲ್ಲ. ಎರಡನ್ನೂ ಕಾಂಪೌಂಡ್ ಒಳಗಿನ ನೀರಿಗಷ್ಟೇ ಬಿಡಿ, ತೋಡಿಗೆ, ಕೆರೆಗೆ ದಯವಿಟ್ಟು ಬೇಡ. ಸುಟ್ಟ ಇಂಜಿನ್ ಆಯಿಲ್ ಸುರಿಯೋ ಹಳೇ ಪದ್ಧತಿ ಇದೆಯಲ್ಲ, ಹುಳ ಉಸಿರುಗಟ್ಟಿ ಸಾಯೋದು ಹೌದು, ಆ ಎಣ್ಣೆ ಮುಂದೆ ನಿಮ್ಮದೇ ಬೋರ್‌ವೆಲ್‌ಗೆ ಇಳಿಯೋದೂ ಹೌದು.

ಸಾಯಂಕಾಲದ ಕ್ಯೂಲೆಕ್ಸ್ ಕಾಟ ಇರೋ ಮನೆಗಳಲ್ಲಿ ಜನ ನೋಡೋದೇ ಇಲ್ಲ ಅನ್ನೋ ಜಾಗ ಒಂದಿದೆ, ಸೆಪ್ಟಿಕ್ ಟ್ಯಾಂಕಿನ ಗಾಳಿ ಪೈಪು. ಮೇಲೆ ಟೋಪಿ ಇಲ್ದೆ ಬಾಯಿ ತೆರೆದಿರತ್ತೆ, ಸಂಜೆ ಹೊತ್ತು ಹತ್ತಿರ ನಿಂತು ನೋಡಿದ್ರೆ ಅದರಿಂದ ಸೊಳ್ಳೆ ಹೊರಡೋದು ಕಣ್ಣಿಗೇ ಕಾಣತ್ತೆ. ನೈಲಾನ್ ಸೊಳ್ಳೆ ಪರದೆ ತುಂಡು, ಒಂದು ತಂತಿ, ಬಿಗಿಯಾಗಿ ಕಟ್ಟಿ. ಟ್ಯಾಂಕಿನ ಸ್ಲ್ಯಾಬ್ ಬಿರುಕು ಬಿಟ್ಟಿದ್ರೆ ಸಿಮೆಂಟ್ ಮೆತ್ತಿಸಿ. ಸಾವಿರಾರು ರೂಪಾಯಿ ಸ್ಪ್ರೇಗೆ ಹಾಕಿದೋರ ಮನೇಲೂ ಈ ಪೈಪು ಹಾಗೇ ತೆರೆದಿರೋದನ್ನ ನೋಡಿದೀನಿ.

ಫಾಗಿಂಗ್ ಬಗ್ಗೆ ನನ್ನ ಅಭಿಪ್ರಾಯ ಕೇಳಿದ್ರೆ ಪೌರಕಾರ್ಮಿಕರಿಗೆ ಕೆಲಸ, ನಮಗೆ ಸಮಾಧಾನ. ಸ್ವಲ್ಪ ಅತಿಯಾಯ್ತೇನೋ, ಡೆಂಗಿ ಕೇಸ್ ಬಂದ ಬೀದಿಯಲ್ಲಿ ವೈರಸ್ ಹೊತ್ತ ಸೊಳ್ಳೆನ ಬೇಗ ಕಮ್ಮಿ ಮಾಡೋಕೆ ಅದು ಬೇಕು. ಆದ್ರೆ ಅಂಗಳದ ದಿನನಿತ್ಯದ ಉಪಾಯ ಅದಲ್ಲ. ಆ ಹೊಗೆ ಡೀಸೆಲ್‌ನಲ್ಲಿ ಬೆರೆಸಿದ ಮೆಲಾಥಿಯಾನೋ ಅಂಥ ಇನ್ನೊಂದು ಕೀಟನಾಶಕವೋ, ಗಾಳೀಲಿ ಹಾರ್ತಿರೋ ಸೊಳ್ಳೆಗೆ ತಾಗಿದ್ರೆ ಸಾಯತ್ತೆ, ಹೊಗೆ ಕರಗಿದ ಮೇಲೆ ಏನೂ ಉಳಿಯಲ್ಲ, ನೀರಲ್ಲಿರೋ ಹುಳಕ್ಕಂತೂ ಏನೇನೂ ಆಗಲ್ಲ. ಅದೂ ಅಲ್ದೆ ಡೆಂಗಿ ಈಡಿಸ್ ಕೂರೋದು ಮಂಚದಡಿ, ಬೀರು ಹಿಂದೆ, ಗೋಡೆಗೆ ನೇತಾಕಿದ ಬಟ್ಟೆ ಸಂದೀಲಿ, ಹೊಗೆ ಗಾಡಿ ಸದ್ದು ಕೇಳಿದ ತಕ್ಷಣ ನಾವೇನ್ ಮಾಡ್ತೀವಿ, ಓಡಿಹೋಗಿ ಕಿಟಕಿ ಬಾಗಿಲು ಹಾಕ್ತೀವಿ.

ಇನ್ನೊಂದು ಈಗ ಬೆಂಗಳೂರಲ್ಲಿ ಜೋರಾಗಿ ಮಾರ್ತಿರೋದು ಗಿಡಗಳ ಎಲೆಗೆ ಹೊಡೆಯೋ ಸ್ಪ್ರೇ, ಡೆಲ್ಟಾಮೆಥ್ರಿನ್, ಲ್ಯಾಂಬ್ಡಾ ಥರದ್ದು, ಪೈರೆಥ್ರಾಯ್ಡ್ ಅನ್ನೋ ಗುಂಪಿನ ಕೀಟನಾಶಕಗಳು. ಹಗಲಲ್ಲಿ ಸೊಳ್ಳೆ ಪೊದೆ ನೆರಳಲ್ಲಿ ಕೂರತ್ತಲ್ಲ, ಎಲೆ ಅಡಿಗೆ ಹೊಡೆದ್ರೆ ಕೆಲವು ವಾರ ಕಮ್ಮಿ ಆಗೋದು ನಿಜ, ನಾನೂ ಇಲ್ಲ ಅನ್ನಲ್ಲ. ಮದುವೆ, ಗೃಹಪ್ರವೇಶ ಅಂತ ಹೊರಗಡೆ ಜನ ಸೇರೋದಿದ್ರೆ ಒಂದ್ಸಲ ಮಾಡಿಸ್ಕೊಳಿ ಅಂತೀನಿ. ತಿಂಗಳಿಗೊಂದರಂತೆ ವರ್ಷದ ಕಾಂಟ್ರಾಕ್ಟ್ ಮಾತ್ರ ಬೇಡ. ಜೋರು ಮಳೆಗೆ ತೊಳ್ಕೊಂಡು ಹೋಗತ್ತೆ, ಹೂ ಬಿಟ್ಟ ಗಿಡಕ್ಕೆ ಬಿದ್ರೆ ಜೇನು, ಚಿಟ್ಟೆ ಸಾಯ್ತವೆ, ಜೇಡ ಸಾಯತ್ತೆ, ಮೀನಿನ ತೊಟ್ಟಿಗೆ ಹನಿ ಬಿದ್ರೆ ಮೀನು ತೇಲತ್ತೆ. ಮೇಲಾಗಿ ಕಾಯಿಲ್ಲು, ಲಿಕ್ವಿಡ್ಡು, ಸ್ಪ್ರೇ ಎಲ್ಲದರಲ್ಲೂ ಇದೇ ಗುಂಪಿನ ಔಷಧಿ ಇರೋದ್ರಿಂದ ಸೊಳ್ಳೆಗಳು ಅದಕ್ಕೆ ಒಗ್ಗಿಕೊಳ್ತಾ ಬಂದಿವೆ. ಮಾಡಿಸೋದೇ ಆದ್ರೆ ಔಷಧಿ ಹೆಸರು, ಪ್ರಮಾಣ ಬಿಲ್ಲಲ್ಲಿ ಬರೆಸ್ಕೊಳಿ, "ಹರ್ಬಲ್ ಸರ್, ಏನೂ ಆಗಲ್ಲ" ಅನ್ನೋರ ಕೈಲಿರೋ ಡಬ್ಬಿ ತಿರುಗಿಸಿ ಓದಿ.

ನೀಲಿ ಲೈಟಿನ ಮಿಷಿನ್, ಚಟ್‌ಚಟ್ ಅಂತ ಸುಡತ್ತಲ್ಲ, ಅದನ್ನ ಅಂಗಳದಲ್ಲಿ ನೇತಾಕೋಕೆ ಕೊಳ್ಬೇಡಿ. ಅಮೆರಿಕದ ಡೆಲವೇರ್‌ನಲ್ಲಿ 1996ರಲ್ಲಿ ಪ್ರಕಟವಾದ ಒಂದು ಲೆಕ್ಕ ಇದೆ, ಮನೆಗಳ ಇಂಥ ಮಿಷಿನ್‌ಗಳಲ್ಲಿ ಸತ್ತ 13,789 ಹುಳು ಎಣಿಸಿದ್ರೆ ಅದರಲ್ಲಿ ಕಚ್ಚೋ ಜಾತಿದು 31. ಉಳಿದದ್ದೆಲ್ಲ ಪಾಪದ ಹುಳುಗಳು. ಕಿವಿಗೆ ಕೇಳ್ದಿರೋ ಸದ್ದು ಮಾಡಿ ಓಡಿಸ್ತೀವಿ ಅನ್ನೋ ಆಪು, ಪ್ಲಗ್ಗು ಬರೀ ಟೊಳ್ಳು. ನಿಂಬೆಹುಲ್ಲು ಗಿಡ ಸುಮ್ನೆ ಕುಂಡದಲ್ಲಿದ್ರೆ ಕಷಾಯಕ್ಕಾಗತ್ತೆ, ಸೊಳ್ಳೆಗಲ್ಲ. ಸೊಳ್ಳೆ ಮೊಟ್ಟೆ ಇಡ್ಲಿ ಅಂತ ಕಪ್ಪು ಬಕೆಟ್ ಇಟ್ಟು ಬಿಟಿಐ ಹಾಕೋ ಟ್ರ್ಯಾಪ್ ಒಳ್ಳೇ ಉಪಾಯ, ಆದ್ರೆ ವಾರ ತಪ್ಪದೆ ನೋಡ್ಕೊಳೋ ಶಿಸ್ತು ಇರೋರಿಗೆ, ಮರೆತು ಊರಿಗೆ ಹೋದ್ರೆ ನೀವೇ ಸೊಳ್ಳೆ ಸಾಕಿದ ಹಾಗೆ.

ಇದೆಲ್ಲದರ ನಡುವೆ ಜನ ಕೈಬಿಡೋದು ಫ್ಯಾನು. ಸೊಳ್ಳೆ ಗಾಳಿಗೆ ಎದುರು ಹಾರಲಾರದು, ಜಗಲೀಲಿ ಒಂದು ಟೇಬಲ್ ಫ್ಯಾನ್ ಕಾಲ ಕಡೆ ತಿರುಗಿಸಿಟ್ಟು ಕೂತು ನೋಡಿ. ಜೊತೆಗೆ ಮೈಗೆ ಹಚ್ಚೋದು, ಡೀಟ್ ಇಲ್ಲಾ ಪಿಕಾರಿಡಿನ್ ಇರೋದು ತಗೊಳಿ, ಕೂಸುಗಳಿಗೆ ಮಾತ್ರ ಡಾಕ್ಟರನ್ನ ಕೇಳಿ.

ಉಳಿಯೋದು ಪಕ್ಕದ ಖಾಲಿ ಸೈಟು, ಅರ್ಧ ಕಟ್ಟಿ ಬಿಟ್ಟ ಮನೆ. 2024ರ ಸೆಪ್ಟೆಂಬರಲ್ಲಿ ರಾಜ್ಯ ಸರ್ಕಾರ ಡೆಂಗಿನ ಸಾಂಕ್ರಾಮಿಕ ರೋಗ ಅಂತ ಘೋಷಿಸಿದಾಗ ಸೊಳ್ಳೆ ಹುಟ್ಟೋಕೆ ಬಿಟ್ಟೋರಿಗೆ ದಂಡನೂ ಇಟ್ತು, ಮನೆಗೆ ನಗರದಲ್ಲಿ 400 ರೂಪಾಯಿ, ಹಳ್ಳೀಲಿ 200, ಕಟ್ಟಡದ ಜಾಗ, ಖಾಲಿ ಸೈಟಿಗೆ ನಗರದಲ್ಲಿ 2000, ಹಳ್ಳೀಲಿ 1000. ಆ ಮೊತ್ತಕ್ಕೆ ಬಿಲ್ಡರ್ ಹೆದರ್ತಾನೆ ಅಂತ ನಂಗನ್ನಿಸಲ್ಲ, ಆದ್ರೆ ಲಿಫ್ಟ್ ಗುಂಡೀಲಿ ನಿಂತಿರೋ ನೀರಿನ ಫೋಟೋ, ಹುಳ ಓಡಾಡೋ ಹತ್ತು ಸೆಕೆಂಡಿನ ವಿಡಿಯೋ ಹಿಡ್ಕೊಂಡು ವಾರ್ಡ್ ಹೆಲ್ತ್ ಇನ್ಸ್‌ಪೆಕ್ಟರ್ ಹತ್ರ ಹೋದ್ರೆ ಕೆಲಸ ಬೇಗ ಆಗತ್ತೆ, "ಸೊಳ್ಳೆ ಜಾಸ್ತಿ ಆಗಿದೆ" ಅಂತ ಬರೀ ಕಂಪ್ಲೇಂಟ್ ಕೊಟ್ರೆ ಅವರೂ ಫಾಗಿಂಗ್ ಗಾಡಿ ಕಳಿಸಿ ಕೈ ತೊಳ್ಕೊಳ್ತಾರೆ.