ಕ್ರೀಡಾಕೂಟದ ಆತಿಥ್ಯಕ್ಕೆ ಊರಿನ ಒಪ್ಪಿಗೆ: ಕೇಳಿದ್ದು ಯಾರನ್ನು, ಯಾವಾಗ?

2025ರ ನವೆಂಬರ್ 26ರಂದು ಗ್ಲ್ಯಾಸ್ಗೋದಲ್ಲಿ ನಡೆದ ಮಹಾಸಭೆಯಲ್ಲಿ 2030ರ ಕಾಮನ್‌ವೆಲ್ತ್ ಕ್ರೀಡಾಕೂಟದ ಆತಿಥ್ಯ ಅಹಮದಾಬಾದಿಗೆ ಸಿಕ್ಕಿತು. 2036ರ ಒಲಿಂಪಿಕ್ಸ್ ನಮಗೆ ಬೇಕು ಎಂಬ ಆಸಕ್ತಿ ಪತ್ರವನ್ನು ಭಾರತ ಅದಕ್ಕೂ ಒಂದು ವರ್ಷ ಮೊದಲೇ, 2024ರ ಅಕ್ಟೋಬರ್ 1ರಂದು ಕಳಿಸಿಯಾಗಿತ್ತು. ಇಂಥ ಸುದ್ದಿ ಬಂದಾಗ ಮೈಸೂರು, ಮಂಡ್ಯದ ಕಡೆ ‘ನಮ್ಮೂರಿಗೂ ಒಂದು ಪಾಲು ಬರಬಾರದೇ’ ಎಂಬ ಆಸೆ ಮೂಡುವುದು ಸಹಜ. 1997ರ ರಾಷ್ಟ್ರೀಯ ಕ್ರೀಡಾಕೂಟ ಬೆಂಗಳೂರಿನ ಜೊತೆಗೆ ಮೈಸೂರಿಗೂ ಬಂದಿತ್ತು. 2025ರ ಜನವರಿಯಲ್ಲಿ ದೆಹಲಿಯಲ್ಲಿ ನಡೆದ ಮೊದಲ ಖೋ-ಖೋ ವಿಶ್ವಕಪ್ ಗೆದ್ದ ಭಾರತ ತಂಡಗಳಲ್ಲಿ ತಿ. ನರಸೀಪುರ ತಾಲ್ಲೂಕಿನ ಚೈತ್ರಾ, ಮಂಡ್ಯದ ಗೌತಮ್ ಇದ್ದರು. ಆಟದ ಮೇಲಿನ ಪ್ರೀತಿಗೆ ಇಲ್ಲಿ ಕೊರತೆ ಇಲ್ಲ. ಆದರೆ ಆಟದ ಮೇಲೆ ಪ್ರೀತಿ ಇರುವುದು ಬೇರೆ, ಕೂಟದ ಖರ್ಚಿಗೆ ಊರು ಒಪ್ಪುವುದು ಬೇರೆ. ಈ ಎರಡನ್ನೂ ಒಂದೇ ಎಂದುಕೊಂಡು ಕೈಸುಟ್ಟುಕೊಂಡ ಊರುಗಳು ಹಲವು.

ಊರಿನ ಒಪ್ಪಿಗೆ ಎಂಬ ಪ್ರಶ್ನೆ ದೊಡ್ಡದಾಗಿ ಎದ್ದದ್ದು ಅಮೆರಿಕದ ಡೆನ್ವರ್‌ನಲ್ಲಿ. 1976ರ ಚಳಿಗಾಲದ ಒಲಿಂಪಿಕ್ಸ್ 1970ರಲ್ಲೇ ಆ ನಗರದ ಪಾಲಾಗಿತ್ತು. 1972ರ ನವೆಂಬರ್‌ನಲ್ಲಿ ಕೊಲರಾಡೊ ರಾಜ್ಯದ ಮತದಾರರು ಅದಕ್ಕೆ ಸಾರ್ವಜನಿಕ ಹಣ ಕೊಡಬಾರದೆಂದು ಮತ ಹಾಕಿದರು. ಗೆದ್ದು ತಂದ ಕೂಟವನ್ನು ಡೆನ್ವರ್ ವಾಪಸ್ ಕೊಟ್ಟಿತು. ಆಟ ಇನ್ಸ್‌ಬ್ರುಕ್‌ಗೆ ಹೋಯಿತು. ಅದೇ 1976ರ ಬೇಸಿಗೆ ಒಲಿಂಪಿಕ್ಸ್ ನಡೆಸಿದ ಕೆನಡಾದ ಮಾಂಟ್ರಿಯಲ್‌ಗೆ ಸಾಲ ತೀರಿಸಿ ಮುಗಿಸಲು 2006 ಬರಬೇಕಾಯಿತು. ಇದನ್ನು ಕಂಡ ಲಾಸ್ ಏಂಜಲೀಸ್ ಜನ 1984ರ ಕೂಟಕ್ಕೆ ನಗರದ ಬೊಕ್ಕಸದಿಂದ ನಷ್ಟ ತುಂಬುವಂತಿಲ್ಲ ಎಂದು 1978ರಲ್ಲೇ ಮತ ಹಾಕಿ ಕಟ್ಟುಹಾಕಿದರು. ಆಗ ಬೇರೆ ಯಾವ ನಗರವೂ ಸ್ಪರ್ಧೆಯಲ್ಲಿ ಇರಲಿಲ್ಲ, ಹಾಗಾಗಿ ಒಲಿಂಪಿಕ್ ಸಮಿತಿ ಈ ಷರತ್ತಿಗೆ ಮಣಿಯಿತು. ಇದ್ದ ಕ್ರೀಡಾಂಗಣಗಳಲ್ಲೇ ಬಹುಪಾಲು ಆಟ ನಡೆಸಿದ ಆ ಕೂಟಕ್ಕೆ 20 ಕೋಟಿ ಡಾಲರ್‌ಗೂ ಮೀರಿ ಹಣ ಉಳಿಯಿತು. ಆ ಲಾಭವನ್ನು ಎಲ್ಲರೂ ಕೊಂಡಾಡುತ್ತಾರೆ. ಜನ ಮೊದಲೇ ಹಾಕಿದ ಕಟ್ಟನ್ನು ನೆನೆಯುವವರು ಕಡಿಮೆ.

ಆ ಲಾಭ ನೋಡಿ ನಗರಗಳು ಮತ್ತೆ ಸಾಲುಗಟ್ಟಿದವು. ಆಗ ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿ ಪ್ರತಿ ಅಭ್ಯರ್ಥಿ ನಗರದಲ್ಲೂ ತಾನೇ ಜನಾಭಿಪ್ರಾಯ ಸಮೀಕ್ಷೆ ನಡೆಸುವ ಪದ್ಧತಿ ಬಂತು. 2012ರ ಕೂಟಕ್ಕಾಗಿ ನಡೆಸಿದ ಸಮೀಕ್ಷೆಯಲ್ಲಿ ಮ್ಯಾಡ್ರಿಡ್‌ಗೆ ಶೇ 91, ಪ್ಯಾರಿಸ್‌ಗೆ ಶೇ 85, ಮಾಸ್ಕೊಗೆ ಶೇ 77, ಲಂಡನ್‌ಗೆ ಶೇ 68, ನ್ಯೂಯಾರ್ಕ್‌ಗೆ ಶೇ 59 ಬೆಂಬಲ ಸಿಕ್ಕಿತ್ತು. ಕೊನೆಗೆ ಗೆದ್ದದ್ದು ಈ ಪಟ್ಟಿಯ ನಾಲ್ಕನೆಯ ಊರು ಲಂಡನ್, ಅದೂ ಪ್ಯಾರಿಸ್ ವಿರುದ್ಧ 54–50 ಮತಗಳಿಂದ. ಟೋಕಿಯೊದ ಉದಾಹರಣೆ ಇನ್ನೂ ಸ್ಪಷ್ಟ. 2020ರ ಕೂಟಕ್ಕೆ 2012ರಲ್ಲಿ ಕೇಳಿದಾಗ ಅಲ್ಲಿನ ಬೆಂಬಲ ಶೇ 47. ಶೇ 30ರಷ್ಟು ಜನ ಅತ್ತಲೂ ಇಲ್ಲ, ಇತ್ತಲೂ ಇಲ್ಲ. 2013ರ ಆರಂಭದಲ್ಲಿ ಅದು ಶೇ 70ಕ್ಕೆ ಏರಿತು. ನಡುವೆ ಲಂಡನ್ ಒಲಿಂಪಿಕ್ಸ್ ಮುಗಿದು, ಪದಕ ಗೆದ್ದವರ ಮೆರವಣಿಗೆ ಟೋಕಿಯೊ ಬೀದಿಯಲ್ಲಿ ನಡೆದಿತ್ತು. ‘ಕೂಟ ಬರಲಿಯೇ?’ ಎಂದಷ್ಟೇ ಕೇಳಿದರೆ ಸಿಗುವುದು ಆ ಹೊತ್ತಿನ ಹುರುಪಿನ ಅಳತೆ. ಹಣ ಎಲ್ಲಿಂದ, ಎಷ್ಟು ಎಂದು ಹೇಳಿ ಕೇಳಿದರೆ ಉತ್ತರ ಬೇರೆಯೇ ಬರುತ್ತದೆ.

ಲೆಕ್ಕ ಮುಂದಿಟ್ಟು ಮತ ಕೇಳಿದ ಕಡೆಗಳಲ್ಲಿ 2013ರಿಂದ 2018ರವರೆಗೆ ಆದದ್ದನ್ನು ನೋಡಿ. ಮ್ಯೂನಿಕ್ ಮತ್ತು ಸುತ್ತಲ ಮೂರು ಪ್ರದೇಶಗಳು, ನಾಲ್ಕಕ್ಕೆ ನಾಲ್ಕೂ ಬೇಡ ಎಂದವು. ಪೋಲೆಂಡಿನ ಕ್ರಾಕೊವ್‌ನಲ್ಲಿ ಶೇ 69ಕ್ಕೂ ಹೆಚ್ಚು ವಿರೋಧ. ಹ್ಯಾಂಬರ್ಗ್‌ನಲ್ಲಿ ಶೇ 51.6, ಕೆನಡಾದ ಕ್ಯಾಲ್ಗರಿಯಲ್ಲಿ ಶೇ 56.4. ಬುಡಾಪೆಸ್ಟ್‌ನಲ್ಲಿ ಮತದಾನವೇ ಬೇಕಾಗಲಿಲ್ಲ: 2017ರ ಆರಂಭದಲ್ಲಿ ಯುವಕರ ಒಂದು ಗುಂಪು 30 ದಿನಗಳಲ್ಲಿ 2,66,000ಕ್ಕೂ ಹೆಚ್ಚು ಸಹಿ ಸಂಗ್ರಹಿಸಿತು, ಬೇಕಿದ್ದದ್ದು 1,38,000. ಸರ್ಕಾರ ಅರ್ಜಿಯನ್ನೇ ಹಿಂಪಡೆಯಿತು.

ಜರ್ಮನಿಯ ಹ್ಯಾಂಬರ್ಗ್ ಮತ್ತು ಅಮೆರಿಕದ ಬೋಸ್ಟನ್‌ಗಳನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಹ್ಯಾಂಬರ್ಗ್ ಒಟ್ಟು 11.2 ಶತಕೋಟಿ ಯೂರೊ ಅಂದಾಜನ್ನು ಪ್ರಾಮಾಣಿಕವಾಗಿಯೇ ಪ್ರಕಟಿಸಿತು. ನಗರ ತನ್ನ ಪಾಲು 1.2 ಶತಕೋಟಿ ಎಂದಿತು. ಕೇಂದ್ರ ಸರ್ಕಾರ 6.2 ಶತಕೋಟಿ ಕೊಡಲಿ ಎಂದು ಬಯಸಿತು. ಮತದಾನದ ದಿನದವರೆಗೂ ಆ ಮೊತ್ತಕ್ಕೆ ಕೇಂದ್ರದ ಖಾತರಿ ಸಿಗಲಿಲ್ಲ. ಖಾತರಿ ಇಲ್ಲದ ಹಣವನ್ನು ನಂಬಿ ಮತ ಹಾಕಲು ಜನ ಒಪ್ಪಲಿಲ್ಲ. ಬೋಸ್ಟನ್‌ನಲ್ಲಿ ತಕರಾರು ಬಂದದ್ದು ಆತಿಥ್ಯ ಒಪ್ಪಂದದ ಒಂದು ಷರತ್ತಿನ ಮೇಲೆ: ಅಂದಾಜು ಮೀರಿದ ಖರ್ಚನ್ನು ನಗರವೇ ಭರಿಸಬೇಕು. ತೆರಿಗೆದಾರರ ಹಣ ಒತ್ತೆಯಿಟ್ಟು ಈಗಲೇ ಸಹಿ ಹಾಕಲಾರೆ ಎಂದು ಮೇಯರ್ 2015ರ ಜುಲೈ 27ರಂದು ಹೇಳಿದರು; ಅದೇ ದಿನ ಅರ್ಜಿ ಬಿದ್ದುಹೋಯಿತು. ಆ ಷರತ್ತಿಗೆ ಅಂಜಲು ಕಾರಣವಿದೆ. ಆಕ್ಸ್‌ಫರ್ಡ್ ಸಂಶೋಧಕರ 2016ರ ಅಧ್ಯಯನದ ಪ್ರಕಾರ 1960ರಿಂದೀಚಿನ ಒಲಿಂಪಿಕ್ಸ್‌ಗಳು ಅಂದಾಜನ್ನು ಸರಾಸರಿ ಶೇ 156ರಷ್ಟು ಮೀರಿವೆ; ಅಂದರೆ ನೂರು ರೂಪಾಯಿ ಎಂದದ್ದು ಇನ್ನೂರೈವತ್ತು ದಾಟಿದೆ. ಉದ್ಘಾಟನೆಯ ದಿನಾಂಕ ಸಾಮಾನ್ಯವಾಗಿ ಮುಂದೆ ಹೋಗುವುದಿಲ್ಲ. ಕಾಮಗಾರಿ ತಡವಾದಾಗ ಉಳಿಯುವ ದಾರಿ ಒಂದೇ, ಇನ್ನಷ್ಟು ಹಣ ಸುರಿಯುವುದು.

ಈ ಸೋಲುಗಳ ನಂತರ, 2019ರಲ್ಲಿ ಒಲಿಂಪಿಕ್ ಸಮಿತಿ ಆಯ್ಕೆಯ ಕ್ರಮವನ್ನೇ ಬದಲಿಸಿತು. ನಗರಗಳ ಬಹಿರಂಗ ಪೈಪೋಟಿ ಹೋಗಿ, ಆಸಕ್ತರೊಂದಿಗೆ ಒಳಗೊಳಗೆ ಮಾತುಕತೆ ನಡೆಸಿ ಒಬ್ಬರನ್ನು ಮುಂದಿಡುವ ಪದ್ಧತಿ ಬಂತು. 2032ರ ಕೂಟ ಬ್ರಿಸ್ಬೇನ್‌ಗೆ ಹೀಗೆಯೇ ಹೋಯಿತು, ಪರ 72, ವಿರೋಧ 5. ಸ್ಪರ್ಧೆಗಿಳಿಯುವ ಖರ್ಚು ಕಡಿಮೆಯಾಯಿತು ನಿಜ. ಆದರೆ ಊರಿನವರಿಗೆ ವಿಷಯ ತಿಳಿಯುವ ಹೊತ್ತಿಗೆ ಮಾತು ಬಹಳ ಮುಂದೆ ಹೋಗಿರುತ್ತದೆ, ಇದು ಸರಿಯಲ್ಲ. ಲೆಕ್ಕ ಹೇಳಿ ಕೇಳಿದರೆ ಜನ ಸದಾ ಬೇಡ ಎನ್ನುತ್ತಾರೆ ಎಂಬ ಭಯಕ್ಕೂ ಆಧಾರವಿಲ್ಲ. ವ್ಯಾಂಕೂವರ್‌ನಲ್ಲಿ 2003ರಲ್ಲಿ ಶೇ 64 ಮಂದಿ ಒಪ್ಪಿದ್ದರು. ಬೇಡ ಎಂದಿದ್ದ ಮ್ಯೂನಿಕ್‌ನಲ್ಲೇ 2025ರ ಅಕ್ಟೋಬರ್ 26ರಂದು ಶೇ 66.4 ಮಂದಿ ಹೌದು ಎಂದರು. ಆ ಯೋಜನೆಯಲ್ಲಿ 1972ರ ಒಲಿಂಪಿಕ್ ಪಾರ್ಕ್ ಸೇರಿ ಬಹುತೇಕ ಈಗಾಗಲೇ ಇರುವ ಕ್ರೀಡಾಂಗಣಗಳಿದ್ದವು.

ನಮ್ಮ ದೇಶದಲ್ಲಿ ಇಂಥ ಜನಮತಗಣನೆಯ ಪದ್ಧತಿಯೇ ಇಲ್ಲ. 2010ರ ಕಾಮನ್‌ವೆಲ್ತ್ ಕೂಟಕ್ಕಾಗಿ ದೆಹಲಿ 2003ರಲ್ಲಿ ಕೆನಡಾದ ಹ್ಯಾಮಿಲ್ಟನ್ ವಿರುದ್ಧ 46–22ರಿಂದ ಗೆದ್ದಿತು. 72 ಸದಸ್ಯ ಸಂಸ್ಥೆಗಳಿಗೂ ತಲಾ ಒಂದು ಲಕ್ಷ ಡಾಲರ್ ತರಬೇತಿ ನೆರವು ಕೊಡುವುದಾಗಿ ಹೇಳಿತ್ತು. ಸುಮಾರು 1,200 ಕೋಟಿ ರೂಪಾಯಿಯ ಅಂದಾಜು 18,532 ಕೋಟಿಗೆ ಏರಿತೆಂದು 2011ರಲ್ಲಿ ಸರ್ಕಾರದ ಲೆಕ್ಕ ತಪಾಸಣೆ ಮಾಡುವ ಸಿಎಜಿ ವರದಿ ಹೇಳಿತು. ಜನರಿಗೆ ಲೆಕ್ಕ ಸಿಕ್ಕಿದ್ದು ಕೂಟ ಮುಗಿದ ಮೇಲೆ.

ಮೈಸೂರು, ಮಂಡ್ಯದಂಥ ಎರಡನೇ ಹಂತದ ಊರುಗಳು ಹೆಚ್ಚು ಗಮನಿಸಬೇಕಾದದ್ದು ಆಸ್ಟ್ರೇಲಿಯಾದ ವಿಕ್ಟೋರಿಯಾವನ್ನು. 2026ರ ಕಾಮನ್‌ವೆಲ್ತ್ ಕೂಟವನ್ನು ರಾಜಧಾನಿ ಬಿಟ್ಟು ಜೀಲಾಂಗ್, ಬಲ್ಲರಾಟ್, ಬೆಂಡಿಗೊದಂಥ ಊರುಗಳಿಗೆ ಹಂಚುವ ಯೋಜನೆ ಅದು. ಕೇಳಲು ಚೆಂದ. ಆದರೆ ಊರೂರಿಗೂ ಕ್ರೀಡಾಗ್ರಾಮ, ತಾತ್ಕಾಲಿಕ ಗ್ಯಾಲರಿ, ಬಸ್ಸು, ಪೊಲೀಸ್ ಬಂದೋಬಸ್ತ್ ಬೇರೆ ಬೇರೆಯಾಗಿ ಬೇಕಾಯಿತು. 2.6 ಶತಕೋಟಿ ಆಸ್ಟ್ರೇಲಿಯನ್ ಡಾಲರ್ ಅಂದಾಜು 6 ಶತಕೋಟಿ ದಾಟುತ್ತದೆಂದು 2023ರ ಜುಲೈನಲ್ಲಿ ಸರ್ಕಾರ ಕೈಬಿಟ್ಟು, 38 ಕೋಟಿ ಡಾಲರ್ ಪರಿಹಾರ ತೆತ್ತಿತು. ಹಂಚಿದರೆ ಖರ್ಚೂ ಹಂಚಿಹೋಗುತ್ತದೆ ಎಂಬುದು ತಪ್ಪು ಲೆಕ್ಕ.

ನಮ್ಮಲ್ಲಿ ಆಟ ನೋಡುವವರು ಒಂದು ಕಡೆ, ಜಮೀನು ಬಿಡುವವರು ಇನ್ನೊಂದು ಕಡೆ. ಮೈಸೂರಿನ ಸರಸ್ವತಿಪುರಂ, ಕುವೆಂಪುನಗರದಲ್ಲಿ ಸಾವಿರ ಜನರನ್ನು ಕೇಳಿದರೆ ಶೇ 3ರಷ್ಟು ಆಚೀಚೆಯ ನಿಖರತೆಯಲ್ಲಿ ಆ ಬಡಾವಣೆಗಳ ಅಭಿಪ್ರಾಯ ಸಿಗಬಹುದು. ವರ್ತುಲ ರಸ್ತೆಯಾಚೆ ಇಲವಾಲದ ಕಡೆಯವರದ್ದಾಗಲಿ, ವಿಶ್ವೇಶ್ವರಯ್ಯ ನಾಲೆ ಬಯಲಿನಲ್ಲಿ ಕಬ್ಬು, ಭತ್ತ ಬೆಳೆಯುವವರದ್ದಾಗಲಿ ಸಿಗುವುದಿಲ್ಲ. ರಾಷ್ಟ್ರೀಯ ಕ್ರೀಡಾಕೂಟ ನಡೆದ 1997ರಲ್ಲೇ ಸಹಿಯಾದ ಬೆಂಗಳೂರು–ಮೈಸೂರು ಮೂಲಸೌಕರ್ಯ ಕಾರಿಡಾರ್‌ನ (ನೈಸ್) ಎಕ್ಸ್‌ಪ್ರೆಸ್ ರಸ್ತೆ ಮೈಸೂರು ಮುಟ್ಟಲಿಲ್ಲ. ಸ್ವಾಧೀನ ಎಂದರೆ ಇಲ್ಲಿನ ರೈತರು ಮೊದಲು ಪಹಣಿ ನೋಡಿಕೊಳ್ಳುವುದು ಸುಮ್ಮನೆ ಅಲ್ಲ.

ಹಾಗಾದರೆ ದನಿ ಎತ್ತಲು ಬಾಗಿಲು ಎಲ್ಲಿದೆ? ಪರಿಸರ ಕಾನೂನಿನಲ್ಲಿ ಅಷ್ಟಾಗಿ ಇಲ್ಲ. 20,000 ಚದರ ಮೀಟರ್ ಮೀರಿದ ಕಟ್ಟಡಕ್ಕೆ 2006ರ ಅಧಿಸೂಚನೆಯಂತೆ ಪರಿಸರ ಅನುಮತಿ ಬೇಕು, ಆದರೆ ಕಟ್ಟಡ ಯೋಜನೆಗಳಿಗೆ ಸಾರ್ವಜನಿಕ ಅಹವಾಲು ಸಭೆಯಿಂದ ವಿನಾಯಿತಿ ಇದೆ. ವಾರ್ಡ್ ಸಮಿತಿಯಲ್ಲಿ ಕೇಳೋಣವೆಂದರೆ, ಮೈಸೂರು ಪಾಲಿಕೆಯ ಚುನಾಯಿತ ಅವಧಿ 2023ರ ಕೊನೆಯಲ್ಲಿ ಮುಗಿದು ಆಡಳಿತ ಅಧಿಕಾರಿಗಳ ಕೈಗೆ ಹೋಯಿತು. ಗಟ್ಟಿಯಾಗಿ ಉಳಿದಿರುವುದು 2013ರ ಭೂಸ್ವಾಧೀನ ಕಾಯ್ದೆ. ಕ್ರೀಡಾ ಯೋಜನೆಯನ್ನು ಅದು ಸಾರ್ವಜನಿಕ ಉದ್ದೇಶದ ಪಟ್ಟಿಯಲ್ಲೇ ಸೇರಿಸಿದೆ. ಖಾಸಗಿ ಸಹಭಾಗಿತ್ವ ಇದ್ದರೆ ಜಮೀನು ಕಳೆದುಕೊಳ್ಳುವವರಲ್ಲಿ ಶೇ 70ರಷ್ಟು ಮಂದಿಯ ಒಪ್ಪಿಗೆ ಬೇಕು. ಸರ್ಕಾರವೇ ತನ್ನ ಬಳಕೆಗೆ ಪಡೆದರೆ ಬೇಡ. ಕರ್ನಾಟಕ ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿ (ಕೆಐಎಡಿಬಿ) ತನ್ನ 1966ರ ಕಾಯ್ದೆಯಡಿ ಹೊರಟರೆ ಸಾಮಾಜಿಕ ಪರಿಣಾಮ ಅಧ್ಯಯನದ ಹಂತವೇ ಬರುವುದಿಲ್ಲ. ಆದ್ದರಿಂದ ನೋಟಿಸ್ ಕೈಗೆ ಬಂದಾಗ ಮೊದಲು ನೋಡಬೇಕಾದದ್ದು ಅದು ಯಾವ ಕಾಯ್ದೆಯಡಿ ಎಂಬುದನ್ನು.

2013ರ ಕಾಯ್ದೆಯಲ್ಲಿ ದರ ಕಟ್ಟುವುದು ಹೀಗೆ: ಹಿಂದಿನ ಮೂರು ವರ್ಷ ಸುತ್ತಮುತ್ತ ನೋಂದಣಿಯಾದ ಕ್ರಯಪತ್ರಗಳಲ್ಲಿ ಹೆಚ್ಚು ದರವಿರುವ ಅರ್ಧದಷ್ಟು ಪತ್ರಗಳನ್ನು ತೆಗೆದುಕೊಂಡು ಅವುಗಳ ದರದ ಸರಾಸರಿ ಮಾಡುತ್ತಾರೆ, ಮಾರ್ಗಸೂಚಿ ದರ ಅದಕ್ಕಿಂತ ಜಾಸ್ತಿ ಇದ್ದರೆ ಅದನ್ನು ಹಿಡಿಯುತ್ತಾರೆ. ಗ್ರಾಮಾಂತರದಲ್ಲಿ ಅದಕ್ಕೆ ಎರಡರವರೆಗೆ ಗುಣಕ, ಮೇಲೆ ಅಷ್ಟೇ ಮೊತ್ತ ಸೇರಿ ನಾಲ್ಕು ಪಟ್ಟಿನವರೆಗೂ ಹೋಗುತ್ತದೆ. ಎಡವಟ್ಟಾಗುವುದು ಮೊದಲ ಹೆಜ್ಜೆಯಲ್ಲೇ: ಮುದ್ರಾಂಕ ಶುಲ್ಕ ಉಳಿಸಲು ಪತ್ರದಲ್ಲಿ ಕಡಿಮೆ ಬರೆಸಿದ ಊರಲ್ಲಿ ನಾಲ್ಕು ಪಟ್ಟು ಎಂದರೂ ಮಾರುಕಟ್ಟೆ ಬೆಲೆ ಮುಟ್ಟುವುದಿಲ್ಲ. ಪ್ರಾಥಮಿಕ ಅಧಿಸೂಚನೆ ಹೊರಬಿದ್ದ ಮೇಲೆ ಆಕ್ಷೇಪಣೆಗೆ 60 ದಿನ ಅವಕಾಶ. ಅದನ್ನು ಬಾಯಲ್ಲಿ ಹೇಳಿದರೆ ಸಾಲದು. ಸರ್ವೆ ನಂಬರ್, ವಿಸ್ತೀರ್ಣ, ನೀರಾವರಿಯ ವಿವರದೊಂದಿಗೆ ಬರೆದು ಕೊಟ್ಟು, ಪ್ರತಿಯ ಮೇಲೆ ದಿನಾಂಕವಿರುವ ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಬೇಕು.